ಕುದುರೆಗೊಂದು ಕ್ಯಾರೆಟ್

"ಶೂ ಒಳಗೆ ತಿನ್ನೋ ಪದಾರ್ಥ ಇಡ್ತಾರೇನೋ?"

ನವೆಂಬರ್ ಕೊನೆಯ ಶನಿವಾರ ರಾತ್ರಿ ಅಮ್ಮ ಹೀಗೆ ಕೇಳಿದ್ದೇ ತಡ, ಐಂಡ್‌ಹೋವನ್‌ನ ನಮ್ಮ ಮನೆಯಲ್ಲಿ ಪಂಚಾಯ್ತಿ ಶುರುವಾಯಿತು. ಆರು ವರ್ಷದ ಮಗಳು ತನ್ನ ಎಡಗಾಲಿನ ಶೂ ತಂದು ಹಾಲ್‌ನ ರೇಡಿಯೇಟರ್ ಪಕ್ಕ ಇಟ್ಟಿದ್ದಳು. ಅದರೊಳಗೆ ಒಂದು ಕ್ಯಾರೆಟ್ ನಿಲ್ಲಿಸಿದ್ದಳು. ಸಾಲದ್ದಕ್ಕೆ ರೇಡಿಯೇಟರ್ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಡಚ್ ಭಾಷೆಯಲ್ಲಿ ಹಾಡು ಬೇರೆ ಹೇಳುತ್ತಿದ್ದಳು. ತಿಪಟೂರಿನಿಂದ ಬಂದು ಮೂರು ವಾರವಾಗಿದ್ದ ಅಮ್ಮನಿಗೆ ಹಾಡು ಓಕೆ, ಶೂ ಓಕೆ ಅಲ್ಲ. ಬಾಗಿಲ ಹತ್ತಿರದ ಸ್ಟ್ಯಾಂಡ್ ದಾಟಿ ಶೂ ಒಳಗೆ ಬಂದಿದ್ದೇ ಒಂದು ಅಪರಾಧ. ಅದರೊಳಗೆ ತರಕಾರಿ ಇಟ್ಟಿದ್ದು ಇನ್ನೊಂದು.

"ಕ್ಯಾರೆಟ್ ಸಿಂಟರ್‌ಕ್ಲಾಸ್‌ಗಲ್ಲ ಅಜ್ಜಿ, ಅವನ ಕುದುರೆಗೆ" ಅಂದಳು ಮಗಳು. ಕುದುರೆಗಾದರೆ ಪರವಾಗಿಲ್ಲ ಅನ್ನೋ ಥರ.

ಸಿಂಟರ್‌ಕ್ಲಾಸ್ ನೆದರ್ಲೆಂಡ್ಸ್‌ನ ಉಡುಗೊರೆ ತಾತ. ನಮಗೆ ಗೊತ್ತಿರುವ ಕ್ರಿಸ್‌ಮಸ್ ತಾತನಿಗಿಂತ ಇವನು ಹಳಬ, ಸಪೂರ, ಜಾಸ್ತಿ ಗಂಭೀರ. ತಲೆಗೆ ಬಿಷಪ್‌ಗಳ ಎತ್ತರದ ಟೋಪಿ, ಕೈಯಲ್ಲಿ ತುದಿ ಸುರುಳಿ ಸುತ್ತಿದ ದಂಡ. ನವೆಂಬರ್ ಮಧ್ಯದಲ್ಲಿ ಸ್ಪೇನ್‌ನಿಂದ ಹಬೆಹಡಗಿನಲ್ಲಿ ಬಂದಿಳಿಯುತ್ತಾನೆ. ಅದು ಟಿವಿಯಲ್ಲಿ ನೇರ ಪ್ರಸಾರ. ಅಲ್ಲಿಂದ ಡಿಸೆಂಬರ್ 5ರವರೆಗೆ ಮಕ್ಕಳಿಗಾಗಿಯೇ ದಿನಾ ಅವನ ಸುದ್ದಿ ಬರುತ್ತದೆ. ಅವನ ದೊಡ್ಡ ಪುಸ್ತಕ ಕಳೆದುಹೋಯಿತು, ಕುದುರೆ ಕಾಣಿಸುತ್ತಿಲ್ಲ, ಇಂಥವೇ. ಪ್ರತಿ ವರ್ಷ ಏನಾದರೂ ಒಂದು ಎಡವಟ್ಟು, ಪ್ರತಿ ವರ್ಷ ಕೊನೇ ಗಳಿಗೆಯಲ್ಲಿ ಎಲ್ಲ ಸರಿ. ನಮ್ಮ ಮದುವೆ ಮನೆಗಳ ಥರಾನೇ.

"ಹಡಗು ಯಾಕೆ?" ಅಂದಳು ಅಮ್ಮ.

ಯಾಕೆಂದರೆ 1850ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಯಾನ್ ಸ್ಖೆಂಕ್‌ಮನ್ ಎಂಬ ಶಾಲಾ ಮೇಷ್ಟ್ರು ಮಕ್ಕಳ ಪುಸ್ತಕವೊಂದರಲ್ಲಿ ತಾತನನ್ನು ಹಬೆಹಡಗು ಹತ್ತಿಸಿಬಿಟ್ಟರು. ಆಗ ಅದು ಹೊಸ ಯಂತ್ರ. ಇವತ್ತಾಗಿದ್ದರೆ ಡ್ರೋನ್ ಹತ್ತಿಸುತ್ತಿದ್ದರೇನೋ. ತಾತನಿಗೆ ಕಪ್ಪು ಮೈಬಣ್ಣದ ಆಳನ್ನು ಗಂಟು ಹಾಕಿದ್ದೂ ಅದೇ ಪುಸ್ತಕ. ಅದರಿಂದ ಮುಂದೆ ಪೀಟ್ ಎಂಬ ಸಹಾಯಕರ ದಂಡೇ ಹುಟ್ಟಿತು. ಮುಖಕ್ಕೆಲ್ಲ ಕಪ್ಪು ಬಳಿದುಕೊಂಡು, ಗುಂಗುರು ಕೂದಲಿನ ವಿಗ್ ಹಾಕಿಕೊಂಡು ಕುಣಿಯುತ್ತಿದ್ದರು. ವರ್ಷಗಟ್ಟಲೆ ಜಗಳ, ಪ್ರತಿಭಟನೆಗಳಾದ ಮೇಲೆ ಈಗ ಹೆಚ್ಚಿನ ಕಡೆ ಕೆನ್ನೆಗೆ ನಾಲ್ಕು ಗೆರೆ ಮಸಿ ಅಷ್ಟೇ. ಚಿಮಣಿಯಲ್ಲಿ ಇಳಿಯುವಾಗ ಅಂಟಿದ್ದು ಅಂತ ಲೆಕ್ಕ. ನನ್ನ ಬಣ್ಣದ ಮಗುವನ್ನು ಇಲ್ಲಿನ ಶಾಲೆಗೆ ಕಳಿಸುವ ನನಗೆ ಇದು ತಡವಾಗಿ ಬಂದ ಬುದ್ಧಿ ಅನ್ನಿಸಿದರೂ, ಬಂತಲ್ಲ ಅಂತ ಸಮಾಧಾನ.

ಅಮ್ಮನಿಗೆ ಇದೆಲ್ಲ ಬೇಕಿರಲಿಲ್ಲ. ಅವಳ ಪ್ರಶ್ನೆ ಶೂನದ್ದು. ಹಾಗಾಗಿ ಮೂಲಕ್ಕೇ ಹೋಗಬೇಕಾಯಿತು.

ನಾಲ್ಕನೇ ಶತಮಾನದಲ್ಲಿ ಈಗಿನ ಟರ್ಕಿಯ ದೆಮ್ರೆ ಎಂಬ ಊರಿನಲ್ಲಿ ನಿಕೊಲಾಸ್ ಎಂಬ ಬಿಷಪ್ ಇದ್ದ. ಆಗ ಆ ಊರಿನ ಹೆಸರು ಮೈರಾ. ಅಲ್ಲೊಬ್ಬ ಬಡವನಿಗೆ ಮೂರು ಹೆಣ್ಣುಮಕ್ಕಳು. ವರದಕ್ಷಿಣೆ ಕೊಡಲು ಗತಿಯಿಲ್ಲ, ಮದುವೆಯಾಗುವಂತಿಲ್ಲ. ನಿಕೊಲಾಸ್ ರಾತ್ರಿ ಹೊತ್ತು ಬಂದು ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋದನಂತೆ. ಒಂದು ರಾತ್ರಿಗೆ ಒಬ್ಬಳಂತೆ ಮೂರು ರಾತ್ರಿ. ಆ ಗಂಟು ಒಣಗಲು ಹಾಕಿದ್ದ ಕಾಲುಚೀಲದೊಳಗೆ ಬಿತ್ತು ಅನ್ನುವವರಿದ್ದಾರೆ, ಶೂ ಒಳಗೆ ಬಿತ್ತು ಅನ್ನುವವರೂ ಇದ್ದಾರೆ. ಈಗಲೂ ಕಾಲುಚೀಲ ನೇತುಹಾಕುವುದು, ಶೂ ಇಡುವುದು ಈ ಕತೆ ಹಿಡಿದುಕೊಂಡೇ.

ವರದಕ್ಷಿಣೆ ಅಂದಕೂಡಲೇ ಅಮ್ಮನ ಮುಖ ಸಡಿಲವಾಯಿತು. ಅವಳ ತವರಿನಲ್ಲಿ ಹೆಣ್ಣುಮಕ್ಕಳೇ ಐದು ಜನ. "ಒಳ್ಳೇ ಮನುಷ್ಯ" ಅಂದಳು. ಸ್ವಲ್ಪ ತಡೆದು, "ಟರ್ಕಿಯವನು ಸ್ಪೇನ್‌ನಿಂದ ಯಾಕೆ ಬರ್ತಾನೆ?"

ಅವನು ಬದುಕಿದ್ದಾಗ ಅಲ್ಲಾಡಿದ್ದಕ್ಕಿಂತ ಸತ್ತ ಮೇಲೆ ಓಡಾಡಿದ್ದೇ ಜಾಸ್ತಿ. 1087ರಲ್ಲಿ ಇಟಲಿಯ ಬಾರಿ ಎಂಬ ಊರಿನ ನಾವಿಕರು ಅವನ ಮೂಳೆಗಳನ್ನು ಮೈರಾದಿಂದ ಎತ್ತಿಕೊಂಡು ಹೋದರು. ನೇರವಾಗಿ ಹೇಳಬೇಕೆಂದರೆ ಕದ್ದರು. ಬಾರಿ ಮುಂದೆ ಬಹಳ ಕಾಲ ಸ್ಪೇನ್ ದೊರೆಗಳ ಕೈಕೆಳಗಿತ್ತು. ಸ್ಪೇನ್ ನಂಟು ಅಲ್ಲಿಂದಲೇ ಬಂತು ಅನ್ನುವವರಿದ್ದಾರೆ. ಡಚ್ಚರ ಸಿಂಟರ್‌ಕ್ಲಾಸ್ ಎಂಬ ಹೆಸರೇ ಅಮೆರಿಕದ ಬಾಯಲ್ಲಿ ಸಾಂತಾ ಕ್ಲಾಸ್ ಆಯಿತು. 1823ರಲ್ಲಿ ಅಲ್ಲಿನ ಪತ್ರಿಕೆಯೊಂದರಲ್ಲಿ ಬಂದ ಪದ್ಯ ಅವನಿಗೆ ಎಂಟು ಹಿಮಸಾರಂಗ ಕಟ್ಟಿತು. 1931ರಿಂದ ಕೋಕಾ ಕೋಲಾ ಜಾಹೀರಾತಿನ ಚಿತ್ರಗಳು ಅವನ ಹೊಟ್ಟೆಯನ್ನೂ ಕೆನ್ನೆಯನ್ನೂ ಪ್ರಪಂಚಕ್ಕೆಲ್ಲ ಹಂಚಿದವು. ನನಗೆ ಮಾತ್ರ ಆ ಸಾಂತಾ ಕೊರಿಯರ್‌ನವನ ಥರ ಕಾಣುತ್ತಾನೆ. ಒಂದೇ ರಾತ್ರಿ ಪ್ರಪಂಚ ಪೂರ್ತಿ ಡೆಲಿವರಿ. ನಿಂತು ಮಾತಾಡುವ ಪುರುಸೊತ್ತಿಲ್ಲ.

ಆದರೂ ಅವನಿಗೂ ತಿನ್ನಲು ಇಡುತ್ತಾರೆ. ಅಮೆರಿಕದಲ್ಲಿ ಹಾಲು, ಬಿಸ್ಕತ್ತು. ಇಂಗ್ಲೆಂಡಿನಲ್ಲಿ ಒಣಹಣ್ಣು ತುಂಬಿದ ಪುಟ್ಟ ಕಡುಬು, ಜೊತೆಗೆ ಒಂದು ಗ್ಲಾಸ್ ಶೆರ್ರಿ. ಐರ್ಲೆಂಡಿನ ಎಷ್ಟೋ ಮನೆಗಳಲ್ಲಿ ಗಿನ್ನೆಸ್ ಬಿಯರ್. ಅಪ್ಪಂದಿರ ರುಚಿ ನೋಡಿಕೊಂಡೇ ಇದೆಲ್ಲ ಶುರುವಾಗಿರಬೇಕು ಅಂತ ನನ್ನ ಗುಮಾನಿ. ನಾನು ಇದನ್ನು ಹೇಳುತ್ತಿದ್ದಂತೆ ಅಮ್ಮ "ಎಡೆ ಇಟ್ಟ ಹಾಗೆ" ಅಂದಳು.

ಸರಿಯಾದ ಮಾತು. ಕಣ್ಣಿಗೆ ಕಾಣದವರು ಬರುತ್ತಾರೆ, ಅವರಿಗೆ ಇಷ್ಟವಾದದ್ದನ್ನು ಇಡಬೇಕು, ಇಟ್ಟು ಈಚೆ ಬರಬೇಕು, ನಿಂತು ನೋಡಬಾರದು. ಪಿತೃಪಕ್ಷದಲ್ಲಿ ನಮ್ಮ ತಾತನಿಗೆ ಅಂತ ಎಡೆಯಲ್ಲಿ ನಶ್ಯದ ಡಬ್ಬಿ ಇಡುತ್ತಿದ್ದುದು ನೆನಪಾಯಿತು. ಆವತ್ತಿನಿಂದ ನನಗೆ ಈ ತಾತ, ಅಜ್ಜಿಯರು ಏನು ತರುತ್ತಾರೆ ಅನ್ನುವುದಕ್ಕಿಂತ ಅವರಿಗೆ ಏನು ಇಡುತ್ತಾರೆ ಅನ್ನುವುದರ ಮೇಲೇ ಕಣ್ಣು.

ನಾರ್ವೆ, ಡೆನ್ಮಾರ್ಕ್ ಕಡೆಯ ನಿಸ್ಸೆ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಅವನು ಕೊಟ್ಟಿಗೆಯಲ್ಲಿ ವಾಸ ಮಾಡುವ ಕೆಂಪು ಟೋಪಿಯ ಕುಳ್ಳ. ವರ್ಷವಿಡೀ ದನಕರು ನೋಡಿಕೊಳ್ಳುತ್ತಾನೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಅವನಿಗೆ ಒಂದು ಬಟ್ಟಲು ಗಂಜಿ ಇಡಬೇಕು. ನಮ್ಮ ಜ್ವರದ ಗಂಜಿಯಲ್ಲ, ಪಾಯಸದ ಹಾಗೆ ಗಟ್ಟಿಯಾದದ್ದು. ಮೇಲೆ ಒಂದು ಉಂಡೆ ಬೆಣ್ಣೆ. ಒಂದು ಮನೆಯಲ್ಲಿ ಕೆಲಸದ ಹುಡುಗಿ ತಮಾಷೆಗೆ ಬೆಣ್ಣೆಯನ್ನು ಬಟ್ಟಲಿನ ತಳಕ್ಕೆ ಹಾಕಿ ಮೇಲೆ ಗಂಜಿ ಸುರಿದಳಂತೆ. ಬೆಣ್ಣೆಯಿಲ್ಲ ಅಂದುಕೊಂಡ ನಿಸ್ಸೆ ಸಿಟ್ಟಿನಲ್ಲಿ ಕೊಟ್ಟಿಗೆಗೆ ಹೋಗಿ ಆ ಮನೆಯ ಒಳ್ಳೇ ಹಸುವನ್ನೇ ಕೊಂದುಬಿಟ್ಟ. ವಾಪಸ್ ಬಂದು ಹಸಿವಿಗೆ ಗಂಜಿ ತಿನ್ನುತ್ತಾ ಹೋದರೆ ತಳದಲ್ಲಿ ಬೆಣ್ಣೆ! ಪಾಪ, ಅಂಥದ್ದೇ ಹಸು ಹುಡುಕಿ ತಂದು ಕಟ್ಟಬೇಕಾಯಿತು. ಅಮ್ಮ ಈ ಕತೆಯಲ್ಲಿ ನಿಸ್ಸೆಯ ಕಡೆ. "ಬಡಿಸೋಳಿಗೆ ಬುದ್ಧಿ ಬೇಡ್ವಾ? ಬೆಣ್ಣೆ ಮೇಲೆ ಕಾಣ್ಬೇಕು."

ಐಸ್‌ಲ್ಯಾಂಡಿನಲ್ಲಿ ಇಡುವ ಪ್ರಶ್ನೆಯೇ ಇಲ್ಲ. ಅಲ್ಲಿ ಬರುವವರು ತಾವೇ ತೆಗೆದುಕೊಳ್ಳುತ್ತಾರೆ. ಒಬ್ಬರಲ್ಲ, ಹದಿಮೂರು ಜನ ಅಣ್ಣತಮ್ಮಂದಿರು. ಡಿಸೆಂಬರ್ 12ರಿಂದ ದಿನಕ್ಕೊಬ್ಬರಂತೆ ಬೆಟ್ಟ ಇಳಿದು ಬರುತ್ತಾರೆ. ಅವರ ಹೆಸರುಗಳನ್ನು ಕನ್ನಡಕ್ಕೆ ತಂದು ಮಗಳಿಗೆ ಹೇಳಿಕೊಟ್ಟೆ. ಸೌಟು ನೆಕ್ಕಪ್ಪ, ಪಾತ್ರೆ ಬಳಿಯಪ್ಪ, ಬಾಗಿಲು ಬಡಿಯಪ್ಪ, ಮೊಸರು ನುಂಗಪ್ಪ, ಕಿಟಕಿ ಇಣುಕಪ್ಪ. ಕೊನೆಯವನು ಮೇಣದಬತ್ತಿ ಬೇಡುವವ. ಆಗ ಮೇಣದಬತ್ತಿಯನ್ನು ಪ್ರಾಣಿಗಳ ಕೊಬ್ಬಿನಲ್ಲಿ ಮಾಡುತ್ತಿದ್ದರು, ಹಾಗಾಗಿ ಅದೂ ತಿನ್ನೋ ಪದಾರ್ಥವೇ. ಚಳಿಗಾಲದಲ್ಲಿ ಕಣಜ ಬರಿದಾಗುವ ಬಡ ದೇಶದ ಹೊಟ್ಟೆ ಈ ಹೆಸರುಗಳಲ್ಲಿ ಕೂತಿದೆ ಅನ್ನಿಸುತ್ತದೆ. ಇವರ ತಾಯಿ ಗ್ರೀಲಾ ತುಂಟ ಮಕ್ಕಳನ್ನು ಹಿಡಿದು ಬೇಯಿಸಿ ತಿನ್ನುವ ರಾಕ್ಷಸಿ. ನಮ್ಮ ಗುಮ್ಮನಿಗೆ ಹೆಣ್ಣು ನೋಡುವುದಿದ್ದರೆ ಅವಳೇ ಸರಿ. ಇವರ ಹೆಸರು ಹೇಳಿ ಮಕ್ಕಳನ್ನು ಹೆದರಿಸಕೂಡದು ಅಂತ 1746ರಲ್ಲಿ ಸರ್ಕಾರವೇ ಆಜ್ಞೆ ಹೊರಡಿಸಿತ್ತು. ಈಗ ಕಳ್ಳರೆಲ್ಲ ಸುಧಾರಿಸಿದ್ದಾರೆ. ಕಿಟಕಿಯಲ್ಲಿಟ್ಟ ಶೂನಲ್ಲಿ ಪುಟ್ಟ ಉಡುಗೊರೆ ಹಾಕಿ ಹೋಗುತ್ತಾರೆ. ತಂಟೆ ಮಾಡಿದವರಿಗೆ ಕೊಳೆತ ಆಲೂಗಡ್ಡೆ.

ಮಗಳಿಗೆ ಪಾತ್ರೆ ಬಳಿಯಪ್ಪನೇ ಇಷ್ಟ. ಬಾಣಲೆ ಬಳಿದು ತಿಂದರೆ ಮದುವೆ ದಿನ ಮಳೆ ಬರುತ್ತೆ ಅಂತ ಅಜ್ಜಿ ಗದರಿದಾಗಲೆಲ್ಲ ಅವನ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತಾಳೆ. ಈ ದೇಶದಲ್ಲಿ ಬಾಣಲೆ ಬಳಿಯದಿದ್ದರೂ ಮದುವೆ ದಿನ ಮಳೆ ಬರುತ್ತದೆ, ಅದು ಬೇರೆ ವಿಷಯ.

ಸ್ಪೇನ್‌ನ ಕ್ಯಾಟಲೋನಿಯಾದಲ್ಲಿ ಮರದ ಕೊರಡೇ ಉಡುಗೊರೆ ಕೊಡುತ್ತದೆ. ಡಿಸೆಂಬರ್ 8ರಿಂದ ಅದಕ್ಕೆ ಕಂಬಳಿ ಹೊದಿಸಿ ದಿನಾ ರಾತ್ರಿ ಊಟ ಇಡುತ್ತಾರೆ. ಕ್ರಿಸ್‌ಮಸ್ ಬಂದಾಗ ಮಕ್ಕಳೆಲ್ಲ ಕೋಲು ಹಿಡಿದು ಹಾಡು ಹೇಳುತ್ತಾ ಅದನ್ನು ಬಡಿಯುತ್ತಾರೆ. ಕೊರಡು ಹಿಂಬದಿಯಿಂದ ಉಡುಗೊರೆ... ಹೇಗೆ ಹೇಳೋದು, ಕಕ್ಕ ಮಾಡುತ್ತದೆ. ಮಗಳು ಬಿದ್ದು ಬಿದ್ದು ನಕ್ಕಳು. ಅಮ್ಮ "ಥೂ" ಅಂದು ಒಳಗೆ ಎದ್ದುಹೋದಳು. ಆದರೆ ಅವಳ ಭುಜ ಕುಣಿಯುತ್ತಿದ್ದುದು ಹಿಂದಿನಿಂದ ಕಾಣುತ್ತಿತ್ತು.

ಇಷ್ಟರಲ್ಲಿ ಅಮ್ಮನಿಗೆ ಮನಸ್ಸಿಗೆ ಹಿಡಿಸಿದ್ದು ಇಟಲಿಯ ಬೆಫಾನಾ. ಜನವರಿ 5ರ ರಾತ್ರಿ ಪೊರಕೆ ಮೇಲೆ ಕೂತು ಬರುವ ಮುದುಕಿ. ಹರಕು ಶಾಲು, ತೇಪೆ ಹಾಕಿದ ಲಂಗ, ಉದ್ದ ಮೂಗು. ಮೂವರು ಜ್ಞಾನಿಗಳು ಹಸುಗೂಸು ಯೇಸುವನ್ನು ನೋಡಲು ಹೋಗುವಾಗ ಇವಳ ಮನೆ ಮುಂದೆ ನಿಂತು ದಾರಿ ಕೇಳಿದರಂತೆ. ನೀನೂ ಬಾ ಎಂದು ಕರೆದರಂತೆ. "ಮನೆ ಕೆಲಸ ಬಿದ್ದಿದೆ, ಕಸ ಗುಡಿಸಬೇಕು" ಅಂದಳು ಇವಳು. ಅವರು ಹೊರಟುಹೋದ ಮೇಲೆ ಮನಸ್ಸು ತಡೆಯಲಿಲ್ಲ. ಬುಟ್ಟಿ ತುಂಬ ತಿಂಡಿ ತುಂಬಿಕೊಂಡು ಹಿಂದೆಯೇ ಓಡಿದಳು. ಅವರೂ ಸಿಗಲಿಲ್ಲ, ಮಗುವೂ ಸಿಗಲಿಲ್ಲ. ಅವತ್ತಿನಿಂದ ಪ್ರತಿ ವರ್ಷ ಮನೆಮನೆ ಹೊಕ್ಕು, ಇವನೇ ಇರಬಹುದು, ಇವಳೇ ಇರಬಹುದು ಅಂತ ಎಲ್ಲ ಮಕ್ಕಳಿಗೂ ಇಟ್ಟು ಹೋಗುತ್ತಾಳೆ. ತಂಟೆ ಮಕ್ಕಳ ಕಾಲುಚೀಲಕ್ಕೆ ಇದ್ದಿಲು. ಈಗ ಅದೂ ಸಕ್ಕರೆಯಲ್ಲಿ ಮಾಡಿದ ಕರಿ ಇದ್ದಿಲು. ಅವಳಿಗೆ ಒಂದು ಲೋಟ ವೈನ್ ಇಡುವುದು ವಾಡಿಕೆ.

"ಅವಳದ್ದೇನು ತಪ್ಪು?" ಅಂದಳು ಅಮ್ಮ. "ಹೇಳದೆ ಕೇಳದೆ ಮೂರು ಜನ ಬಾಗಿಲಿಗೆ ಬಂದು ನಿಂತ್ರೆ, ಅರ್ಧ ಗುಡಿಸಿದ ಕಸ ಬಿಟ್ಟು ಹೋಗೋಕಾಗುತ್ತಾ? ಆ ಗಂಡಸರಿಗೇನು, ಒಂಟೆ ಹತ್ತಿದ್ರು, ಹೊರಟ್ರು."

ಎರಡು ಸಾವಿರ ವರ್ಷದ ಕತೆಗೆ ಇಂಥ ವಕಾಲತ್ತನ್ನು ನಾನು ಎಲ್ಲೂ ಓದಿರಲಿಲ್ಲ. 1977ರಲ್ಲಿ ಇಟಲಿ ಸರ್ಕಾರ ಕೆಲಸದ ದಿನಗಳು ಹೆಚ್ಚಲಿ ಅಂತ ಬೆಫಾನಾ ಹಬ್ಬದ ರಜೆಯನ್ನೇ ಕಿತ್ತುಹಾಕಿತ್ತು. ಜನ ಸುಮ್ಮನಿರಲಿಲ್ಲ, 1985ರಲ್ಲಿ ವಾಪಸ್ ಕೊಡಬೇಕಾಯಿತು. ಅಮ್ಮನಿಗೆ ಇದನ್ನು ಹೇಳಿದೆ. "ಮತ್ತೆ? ಅವಳಿಗೆ ಇರೋದೇ ಒಂದು ದಿನ" ಅಂದಳು.

ನನಗೆ ಕ್ರಿಸ್‌ಮಸ್ ಅಂದರೆ ನೆನಪಾಗುವುದು ತಾತನಲ್ಲ, ತಟ್ಟೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಂಗಳೂರಿನಲ್ಲಿ ಬಾಡಿಗೆಗಿದ್ದೆ. ಪಕ್ಕದ ಮನೆಯ ಆಂಟಿ ಕ್ರಿಸ್‌ಮಸ್ ಹೊತ್ತಿಗೆ ಕ್ರೋಷಾ ಬಟ್ಟೆ ಮುಚ್ಚಿದ ತಟ್ಟೆ ತಂದುಕೊಡುತ್ತಿದ್ದರು. ಒಳಗೆ ಕುಸ್ವಾರ್. ಅಂದರೆ ಆ ಹಬ್ಬಕ್ಕೆ ಅಂತ ಮಾಡುವ ತಿಂಡಿಗಳ ರಾಶಿ, ನೆವ್ರ್ಯೊ, ಕಿಡ್ಯೊ, ಗುಳಿಯೊ. ಎಲ್ಲ ತಿಂದು ತಟ್ಟೆ ತೊಳೆದು ಹಾಗೇ ವಾಪಸ್ ಕೊಟ್ಟೆ ಅಂತ ಫೋನಿನಲ್ಲಿ ಹೇಳಿದಾಗ ಅಮ್ಮ ಬೈದ ಬೈಗುಳ ಇನ್ನೂ ಕಿವಿಯಲ್ಲಿದೆ. ಖಾಲಿ ತಟ್ಟೆ ಯಾರಾದರೂ ವಾಪಸ್ ಕೊಡುತ್ತಾರಾ? ಒಂದು ಹಿಡಿ ಸಕ್ಕರೆಯಾದರೂ ಹಾಕಬೇಡವಾ?

ಹಾಗಾಗಿ ಆ ಶನಿವಾರದ ಪಂಚಾಯ್ತಿಯೂ ತಟ್ಟೆಯಲ್ಲೇ ಬಗೆಹರಿಯಿತು. ಶೂ ರೇಡಿಯೇಟರ್ ಪಕ್ಕವೇ ಇರಲಿ, ಕೆಳಗೊಂದು ಪೇಪರ್ ಹಾಸಿ. ಕ್ಯಾರೆಟ್ ಮಾತ್ರ ಸ್ಟೀಲ್ ತಟ್ಟೆಗೆ ಬರಬೇಕು. ಅಮ್ಮ ಕ್ಯಾರೆಟ್ ತೊಳೆದಳು. ಪಕ್ಕದಲ್ಲಿ ಒಂದು ತುಂಡು ಬೆಲ್ಲ ಇಟ್ಟಳು. ಕುದುರೆಗೆ ಬೆಲ್ಲ ಅಂದರೆ ಪ್ರಾಣವಂತೆ, ಅವಳ ಅಜ್ಜನ ಜಟಕಾ ಕುದುರೆ ತಿನ್ನುತ್ತಿತ್ತಂತೆ. ಕುದುರೆಯ ಯಜಮಾನನಿಗೆ ಎರಡು ಕೋಡುಬಳೆ. ಮಗಳು ಇನ್ನೊಂದು ಸಲ ಹಾಡು ಹೇಳಿ ಮಲಗಿದಳು.

ರಾತ್ರಿ ಹನ್ನೊಂದಕ್ಕೆ ಎದ್ದೆ. ಇದು ಅಪ್ಪಂದಿರ ಡ್ಯೂಟಿ. ಅವಳ ಹೆಸರಿನ ಮೊದಲಕ್ಷರದ ಚಾಕಲೇಟನ್ನು ಶೂ ಒಳಗೆ ಇಡಬೇಕು. ಕುದುರೆ ಬಂದುಹೋದ ಗುರುತಿಗೆ ಕ್ಯಾರೆಟ್ ಕಡಿದು ತುದಿ ಉಳಿಸಬೇಕು. ಮೊಬೈಲ್ ಬೆಳಕಿನಲ್ಲಿ ನೋಡಿದರೆ ಬೆಲ್ಲ ಇಲ್ಲ. ಕೋಡುಬಳೆ ಒಂದೇ ಇದೆ. ಕ್ಯಾರೆಟ್ ಇದ್ದ ಜಾಗದಲ್ಲಿ ಎರಡು ಬೆರಳಗಲದ ತುದಿ, ಅದೂ ಚಾಕುವಿನಲ್ಲಿ ಕತ್ತರಿಸಿದ ಹಾಗೆ ನೀಟಾಗಿ. ಅಡುಗೆಮನೆಗೆ ಹೋದೆ. ಕಟ್ಟೆ ಮೇಲೆ ಒಂದು ಬಟ್ಟಲು ಹೆಸರುಬೇಳೆ ನೆನೆಯುತ್ತಿತ್ತು. ಫ್ರಿಜ್ ತೆಗೆದರೆ ತರಕಾರಿ ಟ್ರೇನಲ್ಲಿ ತಲೆ ಕಳೆದುಕೊಂಡ ಕ್ಯಾರೆಟ್ ಮಲಗಿತ್ತು. ಅಮ್ಮನ ರೂಮಿನಿಂದ ಗೊರಕೆ ಕೇಳುತ್ತಿತ್ತು, ಸ್ವಲ್ಪ ಜಾಸ್ತಿಯೇ ಜೋರಾಗಿ. ಯಾವ ಕುದುರೆಯೂ ಚಾಕು ಹಿಡಿದು ತಿನ್ನುವುದಿಲ್ಲವಲ್ಲ. ಆ ತುದಿಯನ್ನು ನಾನೇ ಎರಡು ಕಡೆ ಕಚ್ಚಿ ತಟ್ಟೆಯಲ್ಲಿಟ್ಟೆ.

ಮರುದಿನ ಊಟಕ್ಕೆ ಕೂತಾಗಲೂ ಮಗಳು ಆ ತುದಿಯನ್ನು ಕೈಯಿಂದ ಬಿಟ್ಟಿರಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದಳು. "ಅಜ್ಜೀ, ಅಷ್ಟು ದೊಡ್ಡ ಕುದುರೆಗೆ ಇಷ್ಟು ಚಿಕ್ಕ ಹಲ್ಲಾ?"

ಅಮ್ಮ ಕೋಸಂಬರಿಗೆ ನಿಂಬೆಹಣ್ಣು ಹಿಂಡುತ್ತಿದ್ದಳು. ತಲೆ ಎತ್ತಲಿಲ್ಲ. "ವಯಸ್ಸಾಗಿದೆ ಕಣೇ ಅದಕ್ಕೆ. ಹಲ್ಲು ಸವೆದಿದೆ. ನೀನು ತಟ್ಟೆ ಇಡು."