ಅಂಕಿಯೇ ಹೆಸರಾಗಿದ್ದ ಪೇಟೆ

ವಿಯೆಟ್ನಾಮಿನ ಹೋ ಚಿ ಮಿನ್ ನಗರದ ನಡುಪೇಟೆಗೆ 1959ರಿಂದ 2025ರವರೆಗೆ ಇದ್ದ ಅಧಿಕೃತ ಹೆಸರು ಒಂದು ಅಂಕಿ ಮಾತ್ರ. ‘ಕ್ವಾನ್ ಒಂದು’ ಎಂದರೆ ಸಾಕಿತ್ತು, ಊರಿಗೆಲ್ಲ ಅರ್ಥವಾಗುತ್ತಿತ್ತು. ಕ್ವಾನ್ ಎಂದರೆ ನಗರದೊಳಗಿನ ಜಿಲ್ಲೆ. ಆದರೆ ನಮ್ಮ ಕಡೆಯ ಜಿಲ್ಲೆಗಳ ಅಳತೆಯಲ್ಲಿ ಅದನ್ನು ಊಹಿಸಿಕೊಳ್ಳಬಾರದು, ಏಕೆಂದರೆ ಈ ಒಂದನೇ ಜಿಲ್ಲೆಯ ಒಟ್ಟು ವಿಸ್ತೀರ್ಣ ಎಂಟು ಚದರ ಕಿಲೋಮೀಟರಿಗೂ ಕಡಿಮೆ. ಫ್ರಾನ್ಸಿನ ಮಾರ್ಸೇಲಿನಿಂದ ಹಡಗಿನಲ್ಲಿ ತರಿಸಿದ ಕೆಂಪಿಟ್ಟಿಗೆಯಿಂದ ಕಟ್ಟಿ 1880ರಲ್ಲಿ ಮುಗಿಸಿದ ನೋತ್ರ್ ದಾಮ್ ಚರ್ಚು, ಅದರ ಪಕ್ಕದ ದೊಡ್ಡ ಅಂಚೆ ಕಚೇರಿ, 1900ರ ರಂಗಮಂದಿರ, ಗಡಿಯಾರದ ಗೋಪುರವಿರುವ ಬೆನ್ ಥಾನ್ ಮಾರುಕಟ್ಟೆ, 1975ರ ಏಪ್ರಿಲ್ 30ರಂದು ಟ್ಯಾಂಕುಗಳು ಗೇಟು ಮುರಿದು ಒಳಹೊಕ್ಕ ಅಧ್ಯಕ್ಷರ ಅರಮನೆ, ಇವೆಲ್ಲವೂ ಆ ಪುಟ್ಟ ಜಾಗದೊಳಗೇ ಇವೆ. ಇಷ್ಟೆಲ್ಲ ಇರುವ ಜಾಗಕ್ಕೆ ಒಂದು ಹೆಸರು ಸಿಗಲಿಲ್ಲವೇ ಎಂದು ಯಾರಿಗಾದರೂ ಅನ್ನಿಸಬಹುದು. ಹೆಸರುಗಳಿಗೆ ಅಲ್ಲಿ ಯಾವ ಕಾಲದಲ್ಲೂ ಬರವಿರಲಿಲ್ಲ. ಬಂದವರೆಲ್ಲ ತಮ್ಮದೊಂದು ಹೆಸರನ್ನು ಅಂಟಿಸಿ, ಹಿಂದಿನವರದನ್ನು ಕಿತ್ತುಹಾಕುತ್ತಲೇ ಇದ್ದುದರಿಂದ, ಕೊನೆಗೆ ಯಾರ ಪಕ್ಷಕ್ಕೂ ಸೇರದ ಅಂಕಿಯೊಂದೇ ನೆಮ್ಮದಿಯಾಗಿ ಉಳಿದಂತೆ ಕಾಣುತ್ತದೆ.

ಫ್ರೆಂಚರು ಬರುವ ಮೊದಲು ಈ ನದೀತೀರವನ್ನು ಜನ ‘ಬೆನ್ ಙೆ’ ಎಂದು ಕರೆಯುತ್ತಿದ್ದರು. ಕ ಖ ಗ ಘ ಙ ಎಂದು ಬಾಯಿಪಾಠ ಮಾಡಿದ ಮೇಲೆ ನಾವು ಙಕಾರವನ್ನು ಮತ್ತೆ ಮುಟ್ಟುವುದೇ ಅಪರೂಪ. ವಿಯೆಟ್ನಾಮಿ ಹೆಸರುಗಳನ್ನು ಕನ್ನಡದಲ್ಲಿ ಬರೆಯಲು ಕುಳಿತಾಗ ಮಾತ್ರ ಆ ಅಕ್ಷರಕ್ಕೆ ಕೈತುಂಬ ಕೆಲಸ. ಬೆನ್ ಎಂದರೆ ಕಡವು, ಙೆ ಎಂದರೆ ಎಮ್ಮೆಗರು. ಎಮ್ಮೆಗರುಗಳನ್ನು ಮೀಯಿಸುತ್ತಿದ್ದ ಜಾಗವಾದ್ದರಿಂದ ಈ ಹೆಸರು ಎಂದು ಕೆಲವರು ಹೇಳುತ್ತಾರೆ. ನದಿಯಲ್ಲಿ ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಮೊಸಳೆಗಳ ಕೂಗು ಎಮ್ಮೆಯ ಕೂಗಿನಂತೆ ಕೇಳುತ್ತಿದ್ದುದರಿಂದ ಎಂದು ಹಳೆಯ ಗ್ರಂಥಗಳು ಹೇಳುತ್ತವೆ. ಎರಡನೆಯ ಕಥೆಯೇ ನನಗೆ ಹೆಚ್ಚು ಇಷ್ಟ. ವಿಯೆಟ್ನಾಮಿಗಳಿಗಿಂತ ಮೊದಲು ಅಲ್ಲಿದ್ದ ಖ್ಮೇರ್ ಜನರ ಮಾತಿನಲ್ಲಿಯೂ ಅದು ಎಮ್ಮೆಗಳ ಕಡವೇ, ‘ಕೊಂಪೊಂಗ್ ಕ್ರಬೈ’. 1698ರಲ್ಲಿ ಮಧ್ಯ ವಿಯೆಟ್ನಾಮಿನ ಙುಯೆನ್ ದೊರೆಗಳು ಙುಯೆನ್ ಹೂ ಕಾನ್ ಎಂಬ ಅಧಿಕಾರಿಯನ್ನು ಇಲ್ಲಿಗೆ ಕಳಿಸಿ, ಜಿಯಾ ದಿನ್ ಎಂಬ ಹೆಸರಿನಲ್ಲಿ ಆಡಳಿತವನ್ನು ಸ್ಥಾಪಿಸಿದರು. ಮುಂದೆ ಅದೇ ಮನೆತನದ ಙುಯೆನ್ ಆನ್, ಫ್ರೆಂಚ್ ಅಧಿಕಾರಿಗಳ ನೆರವಿನಿಂದ 1790ರಲ್ಲಿ ಇಲ್ಲಿ ದೊಡ್ಡದೊಂದು ಕೋಟೆಯನ್ನು ಕಟ್ಟಿಸಿದ. ಕೋಟೆಯ ಕಡವಿಗೆ ‘ಬೆನ್ ಥಾನ್’ ಎಂಬ ಹೆಸರು ಬಂತು, ಕಡವಿನ ಹತ್ತಿರದ ಸಂತೆಗೂ ಅದೇ ಹೆಸರಾಯಿತು. 1833ರಲ್ಲಿ ದಂಗೆಕೋರರು ಹಿಡಿದುಕೊಂಡಿದ್ದ ಆ ಕೋಟೆಯನ್ನು ಎರಡು ವರ್ಷ ಕಾದಾಡಿ ಮರಳಿ ಪಡೆದ ಚಕ್ರವರ್ತಿ ಮಿನ್ ಮಾಂಗ್, ಸಿಟ್ಟಿನಿಂದ ಅದನ್ನು ನೆಲಸಮ ಮಾಡಿಸಿ ಚಿಕ್ಕದೊಂದನ್ನು ಕಟ್ಟಿಸಿದ. ಅದನ್ನು 1859ರಲ್ಲಿ ಫ್ರೆಂಚರು ಕೆಡವಿದರು. ಮಾರುಕಟ್ಟೆಯೂ ನದಿಯ ದಡವನ್ನು ಬಿಟ್ಟು, ಜೌಗು ಮುಚ್ಚಿ ಗಟ್ಟಿಮಾಡಿದ ನೆಲದ ಮೇಲೆ 1914ರಲ್ಲಿ ಹೊಸ ಕಟ್ಟಡಕ್ಕೆ ಹೋಯಿತು. ಈಗ ಅಲ್ಲಿ ಕೋಟೆಯಿಲ್ಲ, ಕಡವಿಲ್ಲ, ಕೋಟೆಯ ಕಡವು ಎಂಬ ಹೆಸರಿನ ಮಾರುಕಟ್ಟೆಯಿದೆ.

ಇನ್ನು ಸೈಗಾನ್ ಎಂಬ ಹೆಸರಿನ ಮೂಲದ ವಿಚಾರದಲ್ಲಿ ವಿದ್ವಾಂಸರು ನೂರೈವತ್ತು ವರ್ಷಗಳಿಂದ ಜಗಳವಾಡುತ್ತಿದ್ದಾರೆ. ಖ್ಮೇರ್ ಹೆಸರಿನಿಂದ ಬಂದದ್ದೆಂದು ಕೆಲವರು, ಬೂರುಗದ ಮರದಿಂದ ಬಂದದ್ದೆಂದು ಕೆಲವರು, ಚೀನಿ ವ್ಯಾಪಾರಿಗಳ ಉಚ್ಚಾರಣೆಯೆಂದು ಮತ್ತೆ ಕೆಲವರು. ಆ ಜಗಳ ಹಾಗಿರಲಿ; ನನಗೆ ಅದಕ್ಕಿಂತ ಸ್ವಾರಸ್ಯವಾಗಿ ಕಂಡದ್ದು ಬೇರೊಂದು ಸಂಗತಿ. ಹದಿನೆಂಟನೆಯ ಶತಮಾನದಲ್ಲಿ ಸೈಗಾನ್ ಎಂಬುದು ಈ ನದೀತೀರದ ಹೆಸರಾಗಿರಲಿಲ್ಲವೆಂದೂ, ಇಲ್ಲಿಂದ ಪಶ್ಚಿಮಕ್ಕೆ ಕೆಲವು ಕಿಲೋಮೀಟರು ದೂರದಲ್ಲಿದ್ದ ಚೀನಿ ವ್ಯಾಪಾರಿಗಳ ಪೇಟೆಯನ್ನು, ಎಂದರೆ ಇಂದಿನ ಚೋ ಲೋನ್ ಭಾಗವನ್ನು, ಜನ ಹಾಗೆ ಕರೆಯುತ್ತಿದ್ದರೆಂದೂ ಅಲ್ಲಿನ ಇತಿಹಾಸಕಾರರು ಹೇಳುತ್ತಾರೆ. ಫ್ರೆಂಚರು ಬಂದು ಬೆನ್ ಙೆಯಲ್ಲಿ ನೆಲೆಯೂರಿದ ಮೇಲೆ ಆ ಹೆಸರನ್ನು ಎತ್ತಿ ತಂದು ಇಲ್ಲಿಗೆ ಹಚ್ಚಿದರು. ಹೆಸರು ಕಳೆದುಕೊಂಡ ಪೇಟೆ ‘ದೊಡ್ಡ ಮಾರುಕಟ್ಟೆ’ ಎಂಬ ಅರ್ಥದ ಚೋ ಲೋನ್ ಆಗಿ ಉಳಿಯಿತು. ಜಗತ್ತಿನ ಭೂಪಟಗಳಲ್ಲೆಲ್ಲ ಹೆಸರಾದ ಸೈಗಾನ್ ಹೀಗೆ ಪಕ್ಕದ ಮನೆಯ ಫಲಕವನ್ನು ತನ್ನ ಬಾಗಿಲಿಗೆ ತೂಗುಹಾಕಿಕೊಂಡ ಊರು.

ಫ್ರೆಂಚರು ಮೊದಮೊದಲು ತಾವು ಕೊರೆದ ಬೀದಿಗಳಿಗೆ ಬರಿಯ ನಂಬರು ಕೊಟ್ಟರು. ಆಮೇಲೆ 1865ರಲ್ಲಿ ಗವರ್ನರ್ ಆಗಿದ್ದ ಅಡ್ಮಿರಲ್ ದ ಲಾ ಗ್ರಾಂದಿಯೇರ್ ಅವಕ್ಕೆ ಹೆಸರಿಡಿಸಿದ. ನದಿಯ ದಡದಿಂದ ಚರ್ಚಿನ ಗುಡ್ಡದ ಕಡೆಗೆ ಏರುವ 16ನೇ ನಂಬರಿನ ಬೀದಿ ‘ರ್ಯೂ ಕತಿನಾ’ ಆಯಿತು. ಕತಿನಾ ಎನ್ನುವವನು ಹದಿನಾಲ್ಕನೇ ಲೂಯಿಯ ಕಾಲದ ಸೇನಾಪತಿ. ಆತನಿಗೂ ಈ ಊರಿಗೂ ಸಂಬಂಧವಿಲ್ಲ. ಅವನ ಹೆಸರನ್ನು ಒಂದು ಯುದ್ಧನೌಕೆಗೆ ಇಟ್ಟಿದ್ದರು, ಆ ನೌಕೆ ವಿಯೆಟ್ನಾಮಿನ ಮೇಲಿನ ದಾಳಿಯಲ್ಲಿ ಪಾಲುಗೊಂಡಿತ್ತು, ಆ ನೌಕೆಯ ಗೌರವಾರ್ಥ ಬೀದಿಗೆ ಅದರ ಹೆಸರು. ಗೆದ್ದವರ ಹೆಸರುಗಳನ್ನು ಬೀದಿಗಿಡುವುದು ಎಲ್ಲ ಕಡೆ ಇದ್ದದ್ದೇ, ಆದರೆ ಗುಂಡು ಹಾರಿಸಿದ ಹಡಗಿನ ಹೆಸರನ್ನೇ ಗುಂಡು ತಿಂದವರ ಬೀದಿಗೆ ಇಡುವುದಕ್ಕೆ ವಿಶೇಷವಾದ ಧೈರ್ಯ ಬೇಕು. ಊರವರು ಮಾತ್ರ ತಮ್ಮ ಪಾಡಿಗೆ ತಮ್ಮ ಹೆಸರುಗಳನ್ನು ಇಟ್ಟುಕೊಂಡಿದ್ದರು. ದೊಡ್ಡ ಕಾಲುವೆಯನ್ನು 1887ರಲ್ಲಿ ಮುಚ್ಚಿ ಮಾಡಿದ ಅಗಲವಾದ ರಸ್ತೆಗೆ ಫ್ರೆಂಚರು ಅಡ್ಮಿರಲ್ ಶಾರ್ನೇರ್‌ನ ಹೆಸರಿಟ್ಟರೆ, ಜನ ಅದನ್ನು ‘ಮುಚ್ಚಿದ ಕಾಲುವೆ’ ಎಂದರು. ತಮಿಳುನಾಡಿನಿಂದ ಹೋದ ವ್ಯಾಪಾರಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆನ್ ಥಾನ್ ಮಾರುಕಟ್ಟೆಗೆ ಸಮೀಪದಲ್ಲೇ ಕಟ್ಟಿದ ಮಾರಿಯಮ್ಮನ ಗುಡಿಯನ್ನು ಅವರು ಇಂದಿಗೂ ‘ಇಂಡಿಯಾದ ಅಮ್ಮನ ಗುಡಿ’ ಎಂದೇ ಕರೆಯುತ್ತಾರೆ. ನಮ್ಮ ಹಳ್ಳಿಗಳ ಮಾರಮ್ಮನ ಈ ಬಂಧುವಿಗೆ ಅಲ್ಲಿ ಊದುಬತ್ತಿ ಹಚ್ಚಿ ಕೈಮುಗಿಯುವವರಲ್ಲಿ ಹೆಚ್ಚಿನವರು ವಿಯೆಟ್ನಾಮಿಗಳೇ.

ಫ್ರೆಂಚರು ಹೊರಟ ಮೇಲೆ, 1955ರ ಹೊತ್ತಿಗೆ, ದಕ್ಷಿಣ ವಿಯೆಟ್ನಾಮಿನ ಸರ್ಕಾರ ಬೀದಿಗಳ ಹೆಸರನ್ನೆಲ್ಲ ಒಮ್ಮೆಗೇ ಬದಲಾಯಿಸಿತು. ಈ ಕೆಲಸವನ್ನು ಮಾಡಿದವರಿಗೆ ಇತಿಹಾಸವೂ ಗೊತ್ತಿತ್ತು, ಸ್ವಲ್ಪ ರಸಿಕತೆಯೂ ಇತ್ತು ಎನ್ನಬೇಕು. ಕ್ರಿ.ಶ. 40ರಲ್ಲಿ ಚೀನಿ ಆಳ್ವಿಕೆಯ ವಿರುದ್ಧ ದಂಗೆಯೆದ್ದ ಟ್ರುಂಗ್ ಸೋದರಿಯರ ಹೆಸರಿನ ‘ಹಾಯ್ ಬಾ ಟ್ರುಂಗ್’ ಎಂಬ ಉದ್ದನೆಯ ರಸ್ತೆ ಹೊಳೆಯಂಚಿನಲ್ಲಿ ಬಂದು ಸೇರುವುದು ಅವರ ಊರಾದ ಮೇ ಲಿನ್ ಹೆಸರಿನ ಚೌಕವನ್ನು. ಅಕ್ಕನ ಗಂಡನಾದ ಥಿ ಸಾಕ್‌ನ ಹೆಸರು ಅಲ್ಲೇ ಪಕ್ಕದ ಒಂದು ಗಿಡ್ಡ ಬೀದಿಗೆ ಸಂದಿದೆ. ಹೆಂಡತಿಯ ರಸ್ತೆಯ ಮುಂದೆ ಗಂಡನ ರಸ್ತೆ ಇಷ್ಟು ಚಿಕ್ಕದಾಗಿ ನಿಂತಿರುವುದನ್ನು ನಾನು ಬೇರೆ ಯಾವ ನಗರದ ನಕ್ಷೆಯಲ್ಲೂ ಕಂಡಿಲ್ಲ. ಅದೇ ಸಮಯದಲ್ಲಿ ಕತಿನಾ ಬೀದಿಗೆ ಸ್ವಾತಂತ್ರ್ಯ ಎಂಬರ್ಥದ ‘ತು ಜೋ’ ಎಂದೂ, ಫ್ರೆಂಚ್ ಸೇನಾಪತಿ ಮಾಕ್ಮಾಓನನ ಹೆಸರಿನಲ್ಲಿದ್ದ ರಸ್ತೆಗೆ ನ್ಯಾಯ ಎಂಬರ್ಥದ ‘ಕೋಂಗ್ ಲೀ’ ಎಂದೂ ಹೆಸರಾಯಿತು. 1975ರ ನಂತರ ಬಂದ ಸರ್ಕಾರ ಸ್ವಾತಂತ್ರ್ಯ ಬೀದಿಯನ್ನು ‘ಸಾಮೂಹಿಕ ದಂಗೆ’ ಬೀದಿಯಾಗಿಯೂ, ನ್ಯಾಯದ ರಸ್ತೆಯನ್ನು ‘ದಕ್ಷಿಣದ ಬಂಡಾಯ’ ರಸ್ತೆಯಾಗಿಯೂ ಮಾಡಿತು. ಹೆಸರಿಟ್ಟವರಿಗೆ ಹೊಳೆಯದೆ ಹೋದದ್ದು ಊರಿನ ಕುಚೋದ್ಯಗಾರರಿಗೆ ಕೂಡಲೇ ಹೊಳೆಯಿತು. ದಕ್ಷಿಣದ ಬಂಡಾಯ ನ್ಯಾಯವನ್ನು ಮುಗಿಸಿತು, ಸಾಮೂಹಿಕ ದಂಗೆಯೆದ್ದು ಸ್ವಾತಂತ್ರ್ಯ ಕಳೆಯಿತು ಎಂಬ ಭಾವದ ಎರಡು ಸಾಲಿನ ಪದ್ಯವೊಂದು ಬಾಯಿಂದ ಬಾಯಿಗೆ ಹರಡಿತು. ಬರೆದವರು ಯಾರೆಂದು ಹಿಡಿಯುವಂತಿಲ್ಲ, ಏಕೆಂದರೆ ಅದರಲ್ಲಿದ್ದದ್ದು ಬೀದಿಗಳ ಹಳೆಯ ಮತ್ತು ಹೊಸ ಹೆಸರುಗಳು ಮಾತ್ರ.

ಈ ಗಾಳಿಗೆಲ್ಲ ಬಗ್ಗದೆ ನಿಂತವರು ವೈದ್ಯಕೀಯದವರು. ಲೂಯಿ ಪಾಸ್ಚರನ ಹೆಸರನ್ನು ಒಂದು ರಸ್ತೆಯಿಂದ 1975ರ ಬಳಿಕ ತೆಗೆದರೂ 1991ರಲ್ಲಿ ಮತ್ತೆ ತಂದಿಟ್ಟರು. 1891ರಲ್ಲಿ ಸೈಗಾನಿನಲ್ಲಿ ಪಾಸ್ಚರ್ ಸಂಸ್ಥೆಯನ್ನು ಸ್ಥಾಪಿಸಿದ, ಮುಂದೆ ನಮ್ಮೆಲ್ಲರ ತೋಳಿನ ಮೇಲೆ ಬಿಸಿಜಿಯ ಗುರುತು ಮೂಡಿಸಿದ ಕಾಲ್ಮೆತ್‌ಗೂ, ಪ್ಲೇಗಿನ ರೋಗಾಣುವನ್ನು ಕಂಡುಹಿಡಿದ ಯೆರ್ಸಾನ್‌ಗೂ ಅಲ್ಲಿ ಬೀದಿಗಳಿವೆ.

ಬೀದಿಗಳ ಕಥೆ ಇದಾದರೆ, ಜಿಲ್ಲೆಯದು ಇನ್ನೊಂದು ಬಗೆ. 1959ರಲ್ಲಿ ಸೈಗಾನನ್ನು ಎಂಟು ಭಾಗ ಮಾಡಿ ‘ಕ್ವಾನ್ ನ್ಯತ್’, ‘ಕ್ವಾನ್ ನ್ಯೀ’ ಎಂದು ಎಣಿಸಿಕೊಂಡು ಹೋದರು. ನಾವು ಒಂದು, ಎರಡು ಎನ್ನುವ ಬದಲು ಪ್ರಥಮ, ದ್ವಿತೀಯ ಎಂದಂತೆ, ಚೀನಿ ಮೂಲದ ಗಂಭೀರ ಪದಗಳಿವು. 1976ರಲ್ಲಿ ಪ್ರಥಮ ಮತ್ತು ದ್ವಿತೀಯ ಜಿಲ್ಲೆಗಳನ್ನು ಕೂಡಿಸಿದಾಗ ಗಂಭೀರ ಪದ ಹೋಗಿ ಸಾಮಾನ್ಯವಾದ ‘ಒಂದು’ ಬಂತು. ಅದೇ ವರ್ಷ ಜುಲೈ 2ರಂದು ಊರಿನ ಹೆಸರು ಹೋ ಚಿ ಮಿನ್ ನಗರವಾಯಿತು. ಊರಿನ ಹೆಸರೇ ಹೋದ ವರ್ಷದಲ್ಲಿ ಅದರ ನಡುಪೇಟೆಯ ಅಂಕಿಗೆ ಏನೂ ಆಗಲಿಲ್ಲ ಎಂಬುದನ್ನು ನಾನು ಸಣ್ಣ ವಿಷಯವೆಂದು ಭಾವಿಸುವುದಿಲ್ಲ. ಎರಡು ಮಾತ್ರ ಅಲ್ಲಿ ನತದೃಷ್ಟ ಸಂಖ್ಯೆ. 1976ರಲ್ಲಿ ಮಾಯವಾದ ಎರಡನೇ ಜಿಲ್ಲೆ 1997ರಲ್ಲಿ ನದಿಯ ಆಚೆ ದಡದಲ್ಲಿ, ಬೇರೆಯೇ ನೆಲದಲ್ಲಿ, ಮತ್ತೆ ಹುಟ್ಟಿತು; 2021ರ ಆರಂಭದಲ್ಲಿ ಅದನ್ನು ಒಂಬತ್ತರ ಜೊತೆಗೆ ಥು ದುಕ್ ಎಂಬ ಹೊಸ ನಗರದೊಳಗೆ ಸೇರಿಸಿಬಿಟ್ಟರು. ಆಮೇಲೆ ಆ ಊರಿನಲ್ಲಿ ಒಂದಾದ ಮೇಲೆ ಮೂರು. ಒಂದರ ಮರ್ಯಾದೆ ಮಾತ್ರ ಹೆಚ್ಚುತ್ತಲೇ ಹೋಯಿತು. ಅಂಗಡಿಯ ಬೋರ್ಡಿನ ಕೆಳಗಿನ ಸಾಲಿನಲ್ಲಿ, ಮನೆ ನಂಬರು, ಬೀದಿ, ವಾರ್ಡು ಎಲ್ಲ ಮುಗಿದ ಮೇಲೆ, ಆ ಒಂಟಿ ಗೀಟು ಇದ್ದರೆ ಬಾಡಿಗೆಯೂ ಗೌರವವೂ ಬೇರೆ. ಹೆಸರಿಗೆ ಬೇಕಾದ ಎಲ್ಲ ಜಂಬವನ್ನೂ ಜನ ಒಂದು ಅಂಕಿಗೇ ತುಂಬಿಕೊಟ್ಟಿದ್ದರು.

2025ರ ಜುಲೈ 1ರಂದು ವಿಯೆಟ್ನಾಂ ದೇಶದಾದ್ಯಂತ ಜಿಲ್ಲೆಯೆಂಬ ಹಂತವನ್ನೇ ರದ್ದುಮಾಡಿ, ಅರವತ್ತಮೂರು ಪ್ರಾಂತ ಮತ್ತು ನಗರಗಳನ್ನು ಮೂವತ್ತನಾಲ್ಕಕ್ಕೆ ಇಳಿಸಿತು. ಒಂದನೇ ಜಿಲ್ಲೆ ಅಂದಿಗೆ ಇಲ್ಲವಾಯಿತು. ಅದರೊಳಗಿದ್ದ ಹತ್ತು ವಾರ್ಡುಗಳು ನಾಲ್ಕಾದವು: ತನ್ ದಿನ್, ಬೆನ್ ಥಾನ್, ಕೌ ಓಂಗ್ ಲಾನ್ ಮತ್ತು ಸೈಗಾನ್. ಸುಮಾರು ಅರ್ಧ ಶತಮಾನ ಆಡಳಿತದ ಕಾಗದಗಳಲ್ಲಿ ಊರಿನ ಹೆಸರಾಗಿ ಕಾಣಿಸದೆ ಇದ್ದ ಸೈಗಾನ್ ಒಂದು ವಾರ್ಡಿನ ಹೆಸರಾಗಿ ಮರಳಿತು. ನಿಜ ಹೇಳಬೇಕೆಂದರೆ ಅದು ಊರನ್ನು ಬಿಟ್ಟೇ ಹೋಗಿರಲಿಲ್ಲ. ರೈಲು ನಿಲ್ದಾಣ ಸೈಗಾನಿನದೇ, ನದಿ ಸೈಗಾನ್ ನದಿಯೇ, ವಿಮಾನದಲ್ಲಿ ಅಲ್ಲಿಗೆ ಹೋಗುವವರ ಪೆಟ್ಟಿಗೆಗೆ ಕಟ್ಟುವ ಚೀಟಿಯ ಮೇಲೆ ಇರುವುದು ಎಸ್‌ಜಿಎನ್ ಎಂಬ ಮೂರು ಅಕ್ಷರ, ಊರವರ ಮಾತಿನಲ್ಲಂತೂ ಬೇರೆ ಹೆಸರು ಬರುವುದೇ ಕಡಿಮೆ. ಇತ್ತ ಹಳೆಯ ಐದನೇ ಜಿಲ್ಲೆಯ ಕಡೆ ಚೋ ಲೋನ್ ಎಂಬ ವಾರ್ಡು, ಬಿನ್ ಥಾನ್ ಎಂಬ ಜಿಲ್ಲೆಯಿದ್ದ ಕಡೆ ಜಿಯಾ ದಿನ್ ಎಂಬ ವಾರ್ಡು ಹುಟ್ಟಿ, ಒಂದು ಕಾಲಕ್ಕೆ ನಗರ, ಪ್ರಾಂತಗಳ ಹೆಸರಾಗಿದ್ದವೆಲ್ಲ ಈಗ ಸಮಾನ ದರ್ಜೆಯ ನೆರೆಹೊರೆಗಳಾಗಿವೆ.

ಇದರಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿ ಒಂದಿದೆ. ನಗರಸಭೆಯ ಭವನ, ಚರ್ಚು, ಅಂಚೆ ಕಚೇರಿ, ರಂಗಮಂದಿರ, ಮುಚ್ಚಿದ ಕಾಲುವೆಯ ರಸ್ತೆ, ಇವೆಲ್ಲ ಇರುವ ವಾರ್ಡಿಗೆ 2025ರ ಜೂನ್ ಮುಗಿಯುವವರೆಗೂ ಬೆನ್ ಙೆ ಎಂಬ ಹೆಸರಿತ್ತು. ಈ ದಡದ ಸ್ವಂತ ಹೆಸರು ಅದೇ. ಚೋ ಲೋನ್‌ನಿಂದ ಎರವಲು ತಂದ ಹೆಸರಿಗೆ ಜಾಗ ಮಾಡಿಕೊಡುವುದಕ್ಕಾಗಿ ತೆಗೆದದ್ದು ಅದನ್ನೇ. ಫ್ರೆಂಚರು ನೂರಾರು ಬೀದಿಗಳಿಗೆ ಹೆಸರಿಟ್ಟರೂ, ಎರಡು ವಿಯೆಟ್ನಾಮಿ ಸರ್ಕಾರಗಳು ಅವನ್ನು ತಿರುಗಿಸಿ ಮುರುಗಿಸಿದರೂ ಮಾಸದೆ ಉಳಿದಿದ್ದ ಎಮ್ಮೆಗರು ಕೊನೆಗೆ ಬಿಟ್ಟುಕೊಟ್ಟದ್ದು ಸೈಗಾನ್ ಮರಳಿ ಬಂತೆಂಬ ಸಂತೋಷದ ನಡುವೆ, ಹಾಗಾಗಿ ಅದರ ಪರವಾಗಿ ಮಾತಾಡಿದವರ ದನಿ ದೊಡ್ಡದಾಗಿ ಕೇಳಲಿಲ್ಲ. ನದಿಯಿಂದ ಒಳಕ್ಕೆ ಹೋಗುವ ಹಳೆಯ ತೋಡಿಗೆ ಬೆನ್ ಙೆ ಎಂಬ ಹೆಸರು ಇನ್ನೂ ಇದೆ. ಅದನ್ನೂ ಸೈಗಾನ್ ತೋಡು ಎಂದು ಬದಲಾಯಿಸುವ ಉತ್ಸಾಹ ಸದ್ಯಕ್ಕೆ ಯಾರಿಗೂ ಬಾರದಿದ್ದರೆ ಸಾಕು.