ಟ್ರಾಲಿ ಕೊಳ್ಳುವವರೇ, ಮೊದಲು ಚಕ್ರ ನೋಡಿ

ಮಳೆಗಾಲ ಮುಗಿದು ಕಡಲತೀರದ ಸಂಗೀತ ಕಾರ್ಯಕ್ರಮಗಳ ಪೋಸ್ಟರ್‌ಗಳು ಹರಿದಾಡತೊಡಗಿದ ಕೂಡಲೇ ನನ್ನ ಮೊಬೈಲ್‌ಗೆ ಒಂದೇ ಪ್ರಶ್ನೆ ಬರುತ್ತದೆ: "ಟೆಂಟ್, ಹಾಸಿಗೆ, ಐಸ್ ಬಾಕ್ಸ್ ಎಲ್ಲ ಎಳೆದುಕೊಂಡು ಹೋಗಲು ಯಾವ ಟ್ರಾಲಿ ತೆಗೆದುಕೊಳ್ಳಲಿ?" ಜೊತೆಗೊಂದು ಚಿತ್ರ. ಮಡಚುವ ಬಟ್ಟೆಯ ಗಾಡಿ, ಬದಿಯಲ್ಲಿ ಲೋಟ ಇಡಲು ಎರಡು ಜೇಬು, ಕತ್ತರಿಸಿದ ಹುಲ್ಲುಹಾಸಿನ ಮೇಲೆ ನಗುತ್ತಾ ನಿಂತ ಕುಟುಂಬ, ಕೆಳಗೆ ದಪ್ಪ ಅಕ್ಷರದಲ್ಲಿ "100 ಕೆ.ಜಿ. ಸಾಮರ್ಥ್ಯ". ಚಕ್ರದ ಬಗ್ಗೆ ಮಾತ್ರ ಒಂದು ಸಾಲೂ ಇರುವುದಿಲ್ಲ.

ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಆದ್ದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ. ಮಂಗಳೂರು, ಉಡುಪಿ ಕಡೆಯವರು ಟ್ರಾಲಿಯನ್ನು ನೆಲದಿಂದ ಮೇಲಕ್ಕೆ ನೋಡುತ್ತಾ ಬರಬೇಕು. ಚಕ್ರ ಸರಿಯಿಲ್ಲವೆಂದಾದರೆ ಉಳಿದದ್ದನ್ನು ನೋಡುವ ಅಗತ್ಯವೇ ಇಲ್ಲ. ಬಣ್ಣ, ಜೇಬು, ಮೇಲಿನ ನೆರಳಿನ ಬಟ್ಟೆ, ಇವೆಲ್ಲ ಅಂಗಡಿಯವರ ಅಲಂಕಾರ.

ಆ 100 ಕೆ.ಜಿ. ಎನ್ನುವುದು ಚೌಕಟ್ಟು ಮುರಿಯದೆ ಹೊರುವ ಭಾರ. ನೀವು ಎಳೆಯಬಲ್ಲ ಭಾರ ಅದಲ್ಲ. ಮಾಲ್‌ನ ನುಣುಪು ನೆಲದ ಮೇಲೆ ಅಷ್ಟು ತೂಕವನ್ನು ಶಾಲೆಗೆ ಹೋಗುವ ಹುಡುಗ ಒಂದೇ ಕೈಯಲ್ಲಿ ಎಳೆದಾನು. ಅದೇ ಗಾಡಿಯನ್ನು ತಣ್ಣೀರುಬಾವಿಯಲ್ಲೋ ಸಸಿಹಿತ್ಲುವಿನಲ್ಲೋ ಒಣ ಮರಳಿಗೆ ಇಳಿಸಿ, ಅರ್ಧದಷ್ಟು ಸಾಮಾನು ತುಂಬಿಸಿ ನೋಡಿ. ಚಕ್ರ ತಿರುಗುವುದನ್ನೇ ಬಿಟ್ಟು ನೇಗಿಲಿನಂತೆ ಮರಳನ್ನು ಉಳತೊಡಗುತ್ತದೆ. ಮುಂದೆ ಒಬ್ಬರು ಎಳೆಯುತ್ತಾ, ಹಿಂದೆ ಒಬ್ಬರು ಬಾಗಿ ತಳ್ಳುತ್ತಾ, ಪಕ್ಕದಲ್ಲಿ ಮೂರನೆಯವರು ಸಲಹೆ ಕೊಡುತ್ತಾ ಹೋಗುವ ಮೆರವಣಿಗೆಗಳನ್ನು ನಮ್ಮ ಬೀಚ್‌ಗಳಲ್ಲಿ ಬೇಕಾದಷ್ಟು ನೋಡಿದ್ದೇನೆ.

ಕಾರಣ ಸರಳ. ಸಾಮಾನ್ಯ ಮಡಚುವ ಗಾಡಿಯ ಚಕ್ರದ ಅಗಲ 4–5 ಸೆಂ.ಮೀ. ಅಷ್ಟೂ ಭಾರ ಆ ಕಿರಿದಾದ ಪಟ್ಟಿಯ ಮೇಲೆ ಕುಳಿತಾಗ ಮರಳು ಅದನ್ನು ಹೊರಲಾರದೆ ಜಾಗ ಬಿಟ್ಟುಕೊಡುತ್ತದೆ, ಚಕ್ರ ಇಳಿಯುತ್ತದೆ. ಇಳಿದ ಚಕ್ರದ ಮುಂದೆ ಮರಳಿನ ದಿಬ್ಬ ಏಳುತ್ತದೆ. ಆಮೇಲೆ ನೀವು ಎಳೆಯುತ್ತಿರುವುದು ಸಾಮಾನನ್ನಲ್ಲ, ಆ ದಿಬ್ಬವನ್ನು. ಬೀಚ್‌ಗೆಂದೇ ಮಾಡಿದ ಗಾಡಿಗಳ ಚಕ್ರ 8–10 ಸೆಂ.ಮೀ. ಅಗಲವಿರುತ್ತದೆ. ಇನ್ನೂ ದುಬಾರಿಯವುಗಳಲ್ಲಿ ಬಲೂನಿನ ಹಾಗೆ ಉಬ್ಬಿದ, ತೀರಾ ಕಡಿಮೆ ಗಾಳಿಯ ಚಕ್ರಗಳಿರುತ್ತವೆ. ಮರಳಿನ ಮಟ್ಟಿಗೆ ಅವುಗಳನ್ನು ಮೀರಿಸುವುದು ಬೇರೊಂದಿಲ್ಲ. ಆದರೆ ವರ್ಷಕ್ಕೊಮ್ಮೆ ತೀರಕ್ಕೆ ಹೋಗುವವರು ಅಷ್ಟು ಹಣ ಸುರಿಯಬೇಕೆಂದು ನಾನು ಹೇಳುವುದಿಲ್ಲ. ಅಗಲ ಚಕ್ರದ ಸಾಧಾರಣ ಗಾಡಿಯನ್ನೇ ನೀರಿನಂಚಿನ ತೇವದ ಮರಳಿನ ಮೇಲೆ ಎಳೆದರೆ ಅರ್ಧ ಕಷ್ಟ ಕಳೆಯುತ್ತದೆ. ಕಣಗಳ ನಡುವಿನ ನೀರು ಅಲ್ಲಿನ ಮರಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಸ್ವಲ್ಪ ಸುತ್ತಾದರೂ ಪರವಾಗಿಲ್ಲ, ಇಳಿತದ ಹೊತ್ತು ನೋಡಿಕೊಂಡು ಹೊರಡಿ. ಅಲೆಯೊಳಗೆ ಮಾತ್ರ ಗಾಡಿ ಇಳಿಸಬೇಡಿ, ಏಕೆಂದು ಮುಂದೆ ಹೇಳುತ್ತೇನೆ. ಚಳಿಗಾಲದಲ್ಲಿ ಕುಂದಾಪುರದ ಕೋಡಿಯಂಥ ತೀರಗಳಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಬೇಲಿ ಹಾಕಿದ ಜಾಗ ಕಂಡರೆ ಅದರಿಂದ ದೂರ ಸರಿದೇ ಗಾಡಿ ಎಳೆಯಿರಿ.

ಅಗಲದ ಬಗ್ಗೆ ಒಪ್ಪುವವರೂ ವ್ಯಾಸವನ್ನು ಮರೆಯುತ್ತಾರೆ. ನಮ್ಮ ಊರಿನಲ್ಲಿ ಮರಳಿಗೆ ಮುಟ್ಟುವ ಮೊದಲು ಮುರಕಲ್ಲಿನ ಗುಡ್ಡೆ, ಕಿತ್ತುಹೋದ ಇಂಟರ್‌ಲಾಕ್ ಇಟ್ಟಿಗೆ, ತೋಟದ ಬೇರು, ಚರಂಡಿಯ ಚಪ್ಪಡಿ ಎಲ್ಲವನ್ನೂ ದಾಟಬೇಕು. ಇಲ್ಲಿ ಸ್ವಲ್ಪ ಲೆಕ್ಕ ಹೇಳಿದರೆ ಬೇಸರಿಸಬಾರದು. ಗಟ್ಟಿ ಚಕ್ರವೊಂದು 4 ಸೆಂ.ಮೀ. ಎತ್ತರದ ಕಲ್ಲಿಗೆ ತಗಲಿ ನಿಂತಿದೆ ಎಂದುಕೊಳ್ಳಿ. ಚಕ್ರದ ವ್ಯಾಸ 12 ಸೆಂ.ಮೀ. ಆಗಿದ್ದರೆ, ಅದನ್ನು ನೇರವಾಗಿ ಮುಂದಕ್ಕೆ ಎಳೆದು ಕಲ್ಲು ಹತ್ತಿಸಲು ಆ ಚಕ್ರದ ಮೇಲಿರುವ ಭಾರದ ಸುಮಾರು 2.8 ಪಟ್ಟು ಬಲ ಬೇಕು. ವ್ಯಾಸ 25 ಸೆಂ.ಮೀ. ಆಗಿದ್ದರೆ ಹೆಚ್ಚುಕಡಿಮೆ ಭಾರದಷ್ಟೇ ಬಲ ಸಾಕು. ಅಂದರೆ ಚಿಕ್ಕ ಚಕ್ರದ ಗಾಡಿಯನ್ನು ಪ್ರತಿ ಕಲ್ಲಿಗೂ ಎತ್ತಿಯೇ ದಾಟಿಸಬೇಕು, ದೊಡ್ಡ ಚಕ್ರದ್ದು ಒಂದು ಜಗ್ಗಿಗೆ ಹತ್ತುತ್ತದೆ. ಮಂಗಳೂರಿನ ಬಂದರಿನ ಓಣಿಗಳಲ್ಲಿ ಮೂಟೆ ಸಾಗಿಸುವ ಹಳೆಯ ಕೈಗಾಡಿಗಳಿಗೆ ದೊಡ್ಡ ಚಕ್ರಗಳು ಸುಮ್ಮನೆ ಬಂದದ್ದಲ್ಲ. ನನ್ನ ಕನಿಷ್ಠ ಮಿತಿ ಇಷ್ಟು: 20 ಸೆಂ.ಮೀ.ಗಿಂತ ಸಣ್ಣ ಚಕ್ರ, 7 ಸೆಂ.ಮೀ.ಗಿಂತ ಕಿರಿದಾದ ಚಕ್ರ ಬೇಡ. ವಿಮಾನ ನಿಲ್ದಾಣದ ಸೂಟ್‌ಕೇಸ್‌ಗೆ ಹಾಕುವಂಥ, ಸುತ್ತಲೂ ತಿರುಗುವ ಪುಟ್ಟ ಚಕ್ರಗಳನ್ನು ಮುಂದಕ್ಕೆ ಜೋಡಿಸಿದ ಗಾಡಿಯನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡವೆನ್ನಿ. ಮರಳು ಕಂಡೊಡನೆ ಅವು ಅಡ್ಡ ತಿರುಗಿ ಮಲಗಿಬಿಡುತ್ತವೆ. ಹಿಡಿಯ ಜೊತೆಗೇ ಮುಂದಿನ ಅಚ್ಚು ಪೂರ್ತಿ ತಿರುಗುವ ಗಾಡಿಯೇ ಸರಿ.

ಕೆಸರಿನ ವಿಷಯ ಮಾತ್ರ ಬೇರೆ. ಅಗಲ ಚಕ್ರ ಎಲ್ಲೆಡೆಯೂ ಗೆಲ್ಲುತ್ತದೆಂದು ತಿಳಿಯಬೇಡಿ. ಅರುಣಾಚಲದ ಝೀರೋ ಕಣಿವೆಯಲ್ಲಿ 2012ರಿಂದ ನಡೆಯುತ್ತಿರುವ ಸಂಗೀತೋತ್ಸವ ಗದ್ದೆಗಳ ನಡುವೆ, ಸೆಪ್ಟೆಂಬರ್‌ನ ಮಳೆಯ ಬೆನ್ನಿಗೇ ಬರುತ್ತದೆ. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ 1970ರಿಂದ ಹಸು ಸಾಕುವ ಜಮೀನಿನಲ್ಲಿ ನಡೆಯುತ್ತಿದೆ. 1997, 2016ರಲ್ಲಿ ಅಲ್ಲಿನ ಕೆಸರು ಪತ್ರಿಕೆಗಳ ಮುಖಪುಟಕ್ಕೇ ಬಂದಿತ್ತು. ಇಂಥ ಕಡೆ ಅಗಲ ಚಕ್ರ ಮಣ್ಣನ್ನು ಹೊದ್ದುಕೊಂಡು, ಅದು ಚೌಕಟ್ಟಿಗೆ ಸಿಕ್ಕಿ, ಕೊನೆಗೆ ತಿರುಗದೆ ನಿಲ್ಲುತ್ತದೆ. ನಮ್ಮ ಕೆಂಪು ಮಣ್ಣಿನ ಗುಣ ಗೊತ್ತಿದ್ದವರಿಗೆ ವಿವರಿಸಬೇಕಿಲ್ಲ, ಜೂನ್‌ನಲ್ಲಿ ಚಪ್ಪಲಿಯ ಅಡಿಗೆ ಇನ್ನೊಂದು ಚಪ್ಪಲಿ ಬೆಳೆದಿರುತ್ತದೆ. ಕೆಸರಿಗೆ ಹೋಗುವವರು ಚಕ್ರಕ್ಕೂ ಚೌಕಟ್ಟಿಗೂ ನಡುವೆ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಜಾಗ ಇದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಬೇಕು. ಇಲ್ಲದಿದ್ದರೆ ಬೆನ್ನಿನ ಚೀಲವೇ ವಾಸಿ.

ಚಕ್ರದ ಮೈ ಯಾವುದರದ್ದು ಎಂಬುದು ಕರಾವಳಿಯವರ ಖಾಸಗಿ ಸಮಸ್ಯೆ. ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಒಳ್ಳೆಯ ಶೂಗಳ ಅಡಿ ಪುಡಿಪುಡಿಯಾಗಿ ಉದುರುವುದನ್ನು ಕಾಣದ ಮನೆ ಇಲ್ಲಿ ಇಲ್ಲ. ಆ ಅಡಿಗಳಲ್ಲಿರುವ ಕೆಲವು ಬಗೆಯ ಪಾಲಿಯುರಿಥೇನ್ ಪ್ಲಾಸ್ಟಿಕ್ ಗಾಳಿಯ ತೇವದ ಜೊತೆ ಸೇರಿ ಒಳಗಿಂದೊಳಗೆ ಒಡೆಯುತ್ತಾ ಹೋಗುತ್ತದೆ, ಬಳಸದಿದ್ದರೂ ಬಿಡುವುದಿಲ್ಲ. ಅದೇ ವಸ್ತುವಿನ ಚಕ್ರವಿರುವ ಟ್ರಾಲಿಯನ್ನು ವರ್ಷವಿಡೀ ಮೆಟ್ಟಿಲ ಕೆಳಗೆ ಇಟ್ಟು ಡಿಸೆಂಬರ್‌ನಲ್ಲಿ ಹೊರತೆಗೆದರೆ ಅದೇ ಗತಿಯಾದೀತು. ರಬ್ಬರ್ ಇದ್ದರೆ ಒಳ್ಳೆಯದು. ಗಾಳಿ ತುಂಬುವ ಟಯರ್ ಎಳೆಯಲು ಸುಖ, ಅದರಲ್ಲೂ ಕಟ್ಟಡ ಕೆಲಸದ ಕೈಗಾಡಿಗೆ ಹಾಕುವ ಅಳತೆಯದ್ದಾದರೆ ಟ್ಯೂಬ್ ಸುಲಭವಾಗಿ ಸಿಗುತ್ತದೆ. ಆದರೆ ಮರಳದಿಬ್ಬದ ಮೇಲೆ ಚೂಪು ಮೊನೆಯ ರಾವಣನ ಮೀಸೆ ಹುಲ್ಲು ಬೆಳೆದಿರುತ್ತದೆ, ತೋಟದ ದಾರಿಯಲ್ಲಿ ನಾಚಿಕೆ ಮುಳ್ಳು. ಪಂಕ್ಚರ್ ಅಂಟು, ಸಣ್ಣ ಪಂಪು ಜೊತೆಗಿಲ್ಲದವರು ಗಾಳಿ ಟಯರಿನ ಸಹವಾಸಕ್ಕೆ ಹೋಗಬಾರದು.

ಈಗ ಉಪ್ಪು. ಅಗ್ಗದ ಗಾಡಿಗಳಲ್ಲಿ ಬೇರಿಂಗ್ ಇರುವುದಿಲ್ಲ, ಕಬ್ಬಿಣದ ಅಚ್ಚಿನ ಮೇಲೆ ಪ್ಲಾಸ್ಟಿಕ್ ತೂತು ನೇರವಾಗಿ ತಿರುಗುತ್ತದೆ. ಅದರೊಳಗೆ ಮರಳು ಸೇರಿದರೆ ಎರಡೂ ಒಂದನ್ನೊಂದು ಅರೆಯತೊಡಗುತ್ತವೆ. ಬೇರಿಂಗ್ ಇರುವ ಚಕ್ರಕ್ಕೂ ಸಮುದ್ರದ ನೀರು ಸೋಂಕಿದರೆ ಕೆಲವೇ ದಿನಗಳಲ್ಲಿ ತುಕ್ಕಿನ ಸದ್ದು ಶುರು. ಅಲೆಯೊಳಗೆ ಇಳಿಸಬೇಡಿ ಎಂದದ್ದು ಇದಕ್ಕೇ. ಮನೆಗೆ ಬಂದ ರಾತ್ರಿಯೇ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಅಚ್ಚಿಗೆ ಗ್ರೀಸ್ ಹಚ್ಚಬೇಕು. ನಾಳೆ ನೋಡೋಣ ಎಂದವರ ಗಾಡಿಗಳು ಗುಜರಿಯವನ ಪಾಲಾಗುತ್ತವೆ. ಚಕ್ರವನ್ನು ಬೋಲ್ಟ್ ಬಿಚ್ಚಿ ಹೊರತೆಗೆಯಲು ಬರುತ್ತದೆಯೇ ಎಂದು ಕೊಳ್ಳುವಾಗಲೇ ನೋಡಿ. ರಿವೆಟ್ ಹೊಡೆದು ಮುಚ್ಚಿಟ್ಟ ಚಕ್ರ ಕೆಟ್ಟರೆ ಇಡೀ ಗಾಡಿಯೇ ಕೆಟ್ಟ ಹಾಗೆ.

ಗೋವಾ ಕಡೆಗೋ ಇನ್ನೂ ಆಚೆಗೋ ಹೋಗುವವರು ರೈಲಿನ ಅಳತೆಯನ್ನೂ ನೆನಪಿಡಬೇಕು. ಸ್ಲೀಪರ್ ದರ್ಜೆಯಲ್ಲಿ ಒಬ್ಬರಿಗೆ 40 ಕೆ.ಜಿ. ಸಾಮಾನು ಉಚಿತ. ಬೋಗಿಯೊಳಗೆ ಒಯ್ಯುವ ಪೆಟ್ಟಿಗೆಯ ಗರಿಷ್ಠ ಅಳತೆ 100×60×25 ಸೆಂ.ಮೀ. ಮಡಚಿದ ಗಾಡಿ ಈ ಅಳತೆಯೊಳಗೆ ಬರದಿದ್ದರೆ ಸೀಟಿನ ಕೆಳಗೂ ಹೋಗುವುದಿಲ್ಲ, ಪಕ್ಕದವರ ಕಾಲಿಗೂ ನೆಮ್ಮದಿ ಇಲ್ಲ. ಬರೀ ಗಾಡಿಯೇ 10 ಕೆ.ಜಿ. ಮೇಲಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ರೈಲು ಎರಡೇ ನಿಮಿಷ ನಿಲ್ಲುವ ಸಣ್ಣ ನಿಲ್ದಾಣಗಳಲ್ಲಿ ಅದನ್ನು ಬಾಗಿಲಿನಿಂದ ಇಳಿಸುವವರು ಯಾರು ಎಂದು ಮನೆಯಲ್ಲೇ ತೀರ್ಮಾನವಾಗಿರಲಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ದೊಡ್ಡ ತಕರಾರು ಗಾಡಿಯ ಬಗ್ಗೆ ಅಲ್ಲ, ಅದರೊಳಗೆ ತುಂಬುವುದರ ಬಗ್ಗೆ. ಗಾಡಿ ಇದೆ ಎಂದ ಕೂಡಲೇ ಜನರಿಗೆ ಮನೆಯನ್ನೇ ಒಯ್ಯುವ ಆಸೆ ಹುಟ್ಟುತ್ತದೆ. ನಾಲ್ಕು ಜನರ ಟೆಂಟ್ 5 ಕೆ.ಜಿ. ಆಸುಪಾಸು. ಅದು ಯಾವತ್ತೂ ಯಾರ ಬೆನ್ನನ್ನೂ ಮುರಿದಿಲ್ಲ. ಮುರಿಯುವುದು 20 ಲೀಟರಿನ ನೀರಿನ ಕ್ಯಾನ್, ಅಂಚಿನವರೆಗೆ ಮಂಜುಗಡ್ಡೆ ತುಂಬಿದ ಪೆಟ್ಟಿಗೆ, ಕೈಯಿರುವ ಕುರ್ಚಿಗಳು, "ಯಾವುದಕ್ಕೂ ಇರಲಿ" ಎಂದು ಹಾಕಿದ ಎರಡನೆಯ ಒಲೆ. ಒಲೆಯನ್ನಂತೂ ಅನೇಕ ಉತ್ಸವಗಳಲ್ಲಿ ಬಾಗಿಲಲ್ಲೇ ತಡೆಯುತ್ತಾರೆ.

ರಾತ್ರಿಯಿಡೀ ನಡೆಯುವ ಕಾರ್ಯಕ್ರಮಕ್ಕೆ ಸಾಮಾನು ಸಾಗಿಸುವ ವಿದ್ಯೆಯನ್ನು ಹೊರಗಿನವರಿಂದ ಕಲಿಯಬೇಕಾದ ಜನ ನಾವಲ್ಲ. ಯಕ್ಷಗಾನದ ಮೇಳಗಳು ದೀಪಾವಳಿಯ ಆಚೀಚೆ ಹೊರಟರೆ ಪತ್ತನಾಜೆಯವರೆಗೆ, ಅಂದರೆ ಮೇ ತಿಂಗಳ ಕೊನೆಯವರೆಗೆ, ದಿನಕ್ಕೊಂದು ಊರು ಬದಲಿಸುತ್ತವೆ. ಈಗ ಲಾರಿ, ಬಸ್ಸುಗಳಿವೆ. ಹಿಂದೆ ವೇಷಭೂಷಣದ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು, ಗದ್ದೆಯ ಅಂಚಿನಲ್ಲಿ ನಡೆದು, ಹೊಳೆ ದಾಟಿ, ಸಂಜೆಗೆ ಚೌಕಿ, ಅಂದರೆ ವೇಷ ಕಟ್ಟುವ ಜಾಗ, ತಲುಪುತ್ತಿದ್ದರು. ಆ ಪೆಟ್ಟಿಗೆಯಲ್ಲಿ ಕಿರೀಟಕ್ಕೆ ಅದರದೇ ಜಾಗ, ಭುಜಕೀರ್ತಿಗೆ ಅದರದೇ ಜಾಗ. ಆ ರಾತ್ರಿ ರಂಗಕ್ಕೆ ಬಾರದ ವಸ್ತುವನ್ನು ಹೊರಲು ಯಾರ ತಲೆಯೂ ಸಿದ್ಧವಿರಲಿಲ್ಲ. ನಾವು ಎರಡು ರಾತ್ರಿಯ ಗಿಟಾರ್ ಕೇಳಲು ಮೂರು ಬಗೆಯ ದಿಂಬು ಒಯ್ಯುತ್ತೇವೆ. ಇಬ್ಬರೇ ಹೋಗುವುದಾದರೆ, ವಾಹನ ನಿಲ್ಲಿಸುವ ಜಾಗದಿಂದ ಟೆಂಟ್‌ಗೆ ಅರ್ಧ ಕಿ.ಮೀ. ಒಳಗೇ ಇದ್ದರೆ, ಟ್ರಾಲಿಯೇ ಬೇಡ ಎನ್ನುತ್ತೇನೆ. ಎರಡು ಸಲ ನಡೆಯಿರಿ. ಮಕ್ಕಳಿದ್ದರೆ, ನಾಲ್ಕೈದು ಜನರ ಗುಂಪಾದರೆ, ಎಲ್ಲರಿಗೂ ಸೇರಿ ಒಂದೇ ಗಾಡಿ.

ತುಂಬಿಸುವಾಗ ನೀರು, ಐಸ್ ಬಾಕ್ಸ್ ಅಡಿಯಲ್ಲಿ, ಹಿಂದಿನ ಅಚ್ಚಿನ ಮೇಲೆ ಬರಲಿ. ತಲುಪಿದೊಡನೆ ಬೇಕಾಗುವ ಟೆಂಟ್ ಮತ್ತು ಟಾರ್ಪಾಲು ಮೇಲಿರಲಿ. ಹಿಡಿ ಗಿಡ್ಡವಾಗಿದ್ದರೆ ಪ್ರತಿ ಹೆಜ್ಜೆಗೂ ಗಾಡಿ ಹಿಮ್ಮಡಿಗೆ ಬಡಿಯುತ್ತದೆ. ಒಂದೂವರೆ ಮೀಟರ್ ಹಗ್ಗವನ್ನು ಹಿಡಿಗೆ ಕಟ್ಟಿ ಎದೆಗೆ ಅಡ್ಡಲಾಗಿ ಹಾಕಿಕೊಂಡರೆ ಇದು ತಪ್ಪುತ್ತದೆ, ಕೈಯೂ ಬಿಡುವಾಗುತ್ತದೆ. ಮರಳಿನಲ್ಲಿ ಯಾವಾಗಲೂ ಎಳೆಯಿರಿ, ತಳ್ಳಬೇಡಿ. ಎಳೆಯುವಾಗ ಹಿಡಿ ಗಾಡಿಯನ್ನು ಸ್ವಲ್ಪ ಮೇಲಕ್ಕೆತ್ತುತ್ತದೆ, ಬಗ್ಗಿ ತಳ್ಳುವಾಗ ನಿಮ್ಮ ಭಾರವೂ ಚಕ್ರಕ್ಕೆ ಬೀಳುತ್ತದೆ. ಇಳಿಜಾರಿನಲ್ಲಿ ಮಾತ್ರ ಗಾಡಿ ನಿಮ್ಮ ಮುಂದಿರಲಿ, ಹಗ್ಗ ನಿಮ್ಮ ಕೈಯಲ್ಲಿರಲಿ, ಎದೆಯ ಸುತ್ತ ಬೇಡ. ಬ್ರೇಕ್ ಇಲ್ಲದ 60 ಕೆ.ಜಿ. ಗಾಡಿ ಹಿಂದಿನಿಂದ ಬಂದರೆ ತಡೆಯಲು ಯಾರಿಂದಲೂ ಆಗುವುದಿಲ್ಲ.

ಕೊನೆಗೆ ಖರ್ಚಿನ ಮಾತು. ವರ್ಷದಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚು ದಿನ ಜಾಗ ತಿನ್ನುತ್ತಾ ಕೂರುವ ವಸ್ತುವನ್ನು ಪ್ರತಿ ಮನೆಯೂ ಕೊಳ್ಳಬೇಕಾಗಿಲ್ಲ. ಅಪಾರ್ಟ್‌ಮೆಂಟ್‌ನ ನಾಲ್ಕು ಮನೆಗಳು ಸೇರಿ ಒಂದು ಒಳ್ಳೆಯ ಗಾಡಿ ತೆಗೆದುಕೊಳ್ಳಿ. ಉಳಿದ ದಿನಗಳಲ್ಲಿ ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ, ಊರಿನಿಂದ ಬಂದ ಹಲಸಿನ ಹಣ್ಣು ಸಾಗಿಸಲು ಅದೇ ಸಾಕು. ನನ್ನ ಪರಿಚಯದವರಿಗೆ ನನ್ನದನ್ನೂ ಕೊಡುತ್ತೇನೆ. ಷರತ್ತು ಎರಡು: ಸಿಹಿನೀರಿನಲ್ಲಿ ತೊಳೆದು ತರಬೇಕು, ಮತ್ತು "ಲೋಟ ಇಡಲು ಜೇಬು ಇಲ್ಲವೇ?" ಎಂದು ಕೇಳಬಾರದು.