ಪಿಗ್ಗಿಯ ಕನ್ನಡಕ, ಅಜ್ಜಿಯ ಕನ್ನಡಕ

ಮಗಳಿಗೆ ಇಂಗ್ಲಿಷ್ ಕ್ಲಾಸಿನಲ್ಲಿ ಒಂದು ಕಾದಂಬರಿ ಕೊಟ್ಟರು ಅಂದರೆ ನಮ್ಮ ಮನೆಮಂದಿಗೆಲ್ಲ ಕೊಟ್ಟಂತೆಯೇ. ಈ ಸಲ ಬಂದದ್ದು ವಿಲಿಯಂ ಗೋಲ್ಡಿಂಗ್ ಬರೆದು 1954ರಲ್ಲಿ ಪ್ರಕಟವಾದ 'ಲಾರ್ಡ್ ಆಫ್ ದಿ ಫ್ಲೈಸ್'. ವಿಮಾನ ಬಿದ್ದು ದ್ವೀಪದಲ್ಲಿ ಸಿಕ್ಕಿಕೊಂಡ ಹುಡುಗರ ಕಥೆ. ದೊಡ್ಡವರು ಅಂತ ಒಬ್ಬರೂ ಇಲ್ಲ. ಇಷ್ಟು ಹೇಳಿದರೆ ಸಾಕು, ಮುಂದೆ ಏನೇನಾಗುತ್ತದೆ ಅಂತ ಮಕ್ಕಳಿರುವ ಯಾರಿಗಾದರೂ ಗೊತ್ತಾಗುತ್ತದೆ. ವರ್ಕ್‌ಶೀಟ್ ಯಾಕೆ ಬೇಕು?

ಆದರೂ ವರ್ಕ್‌ಶೀಟ್ ಇತ್ತು. ಪ್ಲಾಟ್, ಕ್ಯಾರೆಕ್ಟರ್, ಸೆಟ್ಟಿಂಗ್, ಥೀಮ್, ಸಿಂಬಲ್, ಪಾಯಿಂಟ್ ಆಫ್ ವ್ಯೂ ಅಂತ ಒಂದೊಂದಕ್ಕೂ ಒಂದೊಂದು ಚೌಕ. ಪ್ರತಿ ಚೌಕದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದೇ ಎಚ್ಚರಿಕೆ: ಪುರಾವೆ ಕೊಡಿ, ಪುಟ ಸಂಖ್ಯೆ ಬರೆಯಿರಿ.

ಮಗಳು ಬಣ್ಣಬಣ್ಣದ ಅಂಟು ಚೀಟಿ ತಂದಳು. ಥೀಮ್‌ಗೆ ಹಳದಿ, ಸೆಟ್ಟಿಂಗ್‌ಗೆ ಅಂದರೆ ಕಥೆ ನಡೆಯುವ ಜಾಗಕ್ಕೆ ಹಸಿರು, ಕ್ಯಾರೆಕ್ಟರ್‌ಗೆ ಗುಲಾಬಿ. ಪುಸ್ತಕ ಅರ್ಧಕ್ಕೆ ಬರುವಷ್ಟರಲ್ಲಿ ಗುಲಾಬಿ ಖಾಲಿ. ಹುಡುಗರ ಸ್ವಭಾವವೆಲ್ಲ ಹಸಿರಿಗೆ ಹೋಯಿತು. ಹಾಗಾಗಿ ಜಾಕ್ ಅನ್ನುವ ಹುಡುಗ ಸ್ವಲ್ಪ ದಿನ ಕಾಡಿನ ಲೆಕ್ಕದಲ್ಲೇ ಇದ್ದ. ಅವನು ಆಮೇಲೆ ಮುಖಕ್ಕೆ ಬಣ್ಣ ಬಳಿದುಕೊಂಡು ಹಂದಿ ಅಟ್ಟಿಸಿಕೊಂಡು ಹೋದದ್ದನ್ನು ನೋಡಿದರೆ, ಚೀಟಿಗೆ ಮುಂಚೆಯೇ ಗೊತ್ತಿತ್ತು ಅನ್ನಬೇಕು.

ಥೀಮ್ ಚೌಕದಲ್ಲಿ ಅವಳು 'ಭಯ' ಅಂತ ಬರೆದುಕೊಂಡು ಹೋಗಿದ್ದಳು. ಅದು ವಿಷಯ, ಥೀಮ್ ಅಲ್ಲ, ಪೂರ್ತಿ ವಾಕ್ಯ ಬೇಕು ಅಂತ ವಾಪಸ್ ಬಂತು. 'ಭಯ ಪಡಬಾರದು' ಅಂತ ಹಾಕು ಅಂದೆ. ಅದು ನೀತಿಯಂತೆ. 'ಮಕ್ಕಳನ್ನು ಒಂಟಿಯಾಗಿ ಬಿಡಬಾರದು' ಅಂತ ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. ಅದು ಸಲಹೆಯಂತೆ. ಕೊನೆಗೆ ಮಗಳೇ 'ಭಯ ಹೆಚ್ಚಾದಾಗ ಜನ ತಾವೇ ಮಾಡಿಕೊಂಡ ನಿಯಮ ಮುರಿಯುತ್ತಾರೆ' ಅಂತ ಬರೆದು ನಮ್ಮಿಬ್ಬರನ್ನೂ ಥೀಮ್‌ನಿಂದ ಬಿಡುಗಡೆ ಮಾಡಿದಳು.

ಪ್ಲಾಟ್‌ಗೆ ಒಂದು ತ್ರಿಕೋನ ಬಿಡಿಸಬೇಕಿತ್ತು. ಗುಸ್ಟಾವ್ ಫ್ರೈಟಾಗ್ ಎಂಬ ಜರ್ಮನ್ ಲೇಖಕ 1863ರಲ್ಲಿ ಗ್ರೀಕ್ ನಾಟಕ, ಷೇಕ್ಸ್‌ಪಿಯರ್ ನಾಟಕಗಳನ್ನು ಇಟ್ಟುಕೊಂಡು ಹೇಳಿದ ಲೆಕ್ಕ ಅದು. ಕಥೆ ಹತ್ತಬೇಕು, ನಡುವೆ ತುದಿ ಮುಟ್ಟಬೇಕು, ಇಳಿಯಬೇಕು. ನಾಟಕಕ್ಕೆ ಅಂತ ಹೊಲಿದ ಅಂಗಿಯನ್ನು ಈಗ ಕಾದಂಬರಿಗಳಿಗೆಲ್ಲ ತೊಡಿಸುತ್ತಾರೆ. ಈ ಪುಸ್ತಕದಲ್ಲಿ 12 ಅಧ್ಯಾಯ. ಸೈಮನ್ ಅನ್ನುವ ಹುಡುಗ ಸಾಯುವುದು ಒಂಬತ್ತರಲ್ಲಿ, ಪಿಗ್ಗಿ ಅನ್ನುವವನು ಹನ್ನೊಂದರಲ್ಲಿ. ತುದಿ ಯಾವುದು? ನಾನು ಪಿಗ್ಗಿ ಅಂದೆ. ಪುಸ್ತಕ ಮುಟ್ಟಿಯೂ ನೋಡದ ಹೆಂಡತಿ ಸೈಮನ್ ಅಂದಳು, ಸುಮ್ನೆ, ನಾನು ಪಿಗ್ಗಿ ಅಂದಿದ್ದಕ್ಕೆ. ನನ್ನ ಮಾತು ಕೇಳಿದರೆ ಹತ್ತೋಕೆ ಹನ್ನೊಂದು ಅಧ್ಯಾಯ, ಇಳಿಯೋಕೆ ಒಂದೇ. ಮಗಳು ಬಿಡಿಸಿದ ತ್ರಿಕೋನ ಬಲಗಡೆ ಎಷ್ಟು ವಾಲಿತ್ತೆಂದರೆ, ಪಕ್ಕದ ಚೌಕದಲ್ಲಿದ್ದ ಸೆಟ್ಟಿಂಗ್ ಮೇಲೆ ಬೀಳುವುದರಲ್ಲಿತ್ತು.

ಕ್ಯಾರೆಕ್ಟರ್ ಚೌಕ ಮನೆಗೇ ಮುಳುವಾಯಿತು. ಫ್ಲಾಟ್ ಮತ್ತು ರೌಂಡ್ ಪಾತ್ರಗಳು ಅಂತ ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ವಿಂಗಡಿಸಿಟ್ಟಿದ್ದಾರೆ. ನಂಬುವ ಹಾಗೆ ಆಶ್ಚರ್ಯಪಡಿಸಿದರೆ ರೌಂಡ್, ಯಾವತ್ತೂ ಆಶ್ಚರ್ಯಪಡಿಸದಿದ್ದರೆ ಫ್ಲಾಟ್. ಮಗಳು ಪುಸ್ತಕದವರನ್ನು ಮುಗಿಸಿ ನಮ್ಮ ಕಡೆ ತಿರುಗಿದಳು.

"ಅಪ್ಪ, ಬೇಜಾರು ಮಾಡ್ಕೋಬೇಡ. ನೀನು ಫ್ಲಾಟ್."

ನಾನು ಏನೂ ಮಾತಾಡಲಿಲ್ಲ. ರಾತ್ರಿ ಊಟ ಆದಮೇಲೆ ಯಾರೂ ಹೇಳದೆ ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದೆ. ಹೆಂಡತಿ ಹಣೆ ಮುಟ್ಟಿ ನೋಡಿದಳು, ಜ್ವರ ಬಂದಿದೆಯಾ ಅಂತ. ಮಗಳು ಬಾಗಿಲಿಗೆ ಒರಗಿ ನಿಂತು ತೀರ್ಪು ಕೊಟ್ಟಳು. ಆಶ್ಚರ್ಯ ಆದರೆ ಸಾಲದು, ನಂಬಿಕೆ ಬರಬೇಕು. ನಂಬಿಕೆ ಬರದಿದ್ದರೆ ಅದು ರೌಂಡ್ ಅಂತ ನಟಿಸೋ ಫ್ಲಾಟ್. ಇದೂ ಫಾರ್ಸ್ಟರ್ ಹೇಳಿದ್ದೇ ಅಂತೆ. ಆ ಮಹಾನುಭಾವರು ಒಂದು ಸಂದು ಕೂಡ ಬಿಟ್ಟಿಲ್ಲ.

ಪಾಯಿಂಟ್ ಆಫ್ ವ್ಯೂ ಬೇಗ ಮುಗಿಯಿತು. ಎಲ್ಲರ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಿರುವ ನಿರೂಪಕನಿಗೆ ಉದಾಹರಣೆ ಹುಡುಕಬೇಕಾಗಲಿಲ್ಲ, ನಮ್ಮಮ್ಮ ಇದ್ದಾರೆ. ಯಾವ ರೂಮಿನಲ್ಲಿ ಯಾರು ಏನು ಯೋಚಿಸುತ್ತಿದ್ದಾರೆ ಅಂತ ಕೂತಲ್ಲಿಂದಲೇ ಹೇಳುತ್ತಾರೆ.

ಇನ್ನು ಸಿಂಬಲ್. ಹುಡುಗರು ಸಭೆ ಕರೆಯಲು ಊದುವ ಶಂಖ ಅಂದರೆ ಶಿಸ್ತು, ಬೆಂಕಿ ಅಂದರೆ ಬದುಕುವ ಆಸೆ, ಪಿಗ್ಗಿಯ ಕನ್ನಡಕ ಅಂದರೆ ಬುದ್ಧಿ, ವಿಜ್ಞಾನ. ಇದನ್ನೆಲ್ಲ ಲೇಖಕರು ಬೇಕಂತಲೇ ಇಡುತ್ತಾರಾ? 1963ರಲ್ಲಿ ಅಮೆರಿಕದ ಬ್ರೂಸ್ ಮೆಕ್‌ಅಲಿಸ್ಟರ್ ಎಂಬ 16 ವರ್ಷದ ಹುಡುಗನಿಗೂ ಇದೇ ತಲೆನೋವು. ಅವನು 150 ಲೇಖಕರಿಗೆ ಪ್ರಶ್ನೆ ಬರೆದು ಅಂಚೆಗೆ ಹಾಕಿಯೇಬಿಟ್ಟ. ಸುಮಾರು ಅರ್ಧದಷ್ಟು ಜನ ಉತ್ತರ ಬರೆದರು. ಬೇಕಂತಲೇ ಸಿಂಬಲ್ ಇಡುತ್ತೀರಾ ಅಂದದ್ದಕ್ಕೆ ಕಾದಂಬರಿಕಾರ ಜ್ಯಾಕ್ ಕೆರೊವಾಕ್ 'ಇಲ್ಲ' ಅಂತ ಒಂದೇ ಮಾತಿನಲ್ಲಿ ಮುಗಿಸಿದರು. ನಾನು ಇದನ್ನು ಗೆದ್ದವನ ಗತ್ತಿನಲ್ಲಿ ಹೇಳಿದೆ.

"ಲೇಖಕರು ಏನಂದ್ಕೊಂಡಿದ್ರು ಅನ್ನೋದು ಲೆಕ್ಕಕ್ಕಿಲ್ಲ ಅಪ್ಪ. ಪುಸ್ತಕದಲ್ಲಿ ಏನಿದೆ ಅಷ್ಟೇ."

ನಿಜವೇ. ವಿಮ್ಸಾಟ್, ಬಿಯರ್ಡ್ಸ್‌ಲಿ ಅಂತ ಇಬ್ಬರು ವಿಮರ್ಶಕರು 1946ರಲ್ಲೇ ಇದನ್ನು ಬರೆದು ಆ ಬಾಗಿಲು ಹಾಕಿದ್ದಾರೆ. ಪಾಪ ಆ ಹುಡುಗ, ಅಂಚೆ ಖರ್ಚು ದಂಡ.

ಸರಿ, ಪುಸ್ತಕದಲ್ಲಿ ಏನಿದೆ ನೋಡೋಣ ಅಂತ ಕೂತೆವು. ಪಿಗ್ಗಿಗೆ ದೂರದ್ದು ಕಾಣುವುದಿಲ್ಲ. ಅವನ ಕನ್ನಡಕದಿಂದಲೇ ಹುಡುಗರು ಬೆಂಕಿ ಹೊತ್ತಿಸುತ್ತಾರೆ. ನಾನೂ ನನ್ನ ಮಗಳೂ ಅದೇ ಜಾತಿಯ ಕನ್ನಡಕದವರು. ದೂರದ್ದು ಕಾಣದವರಿಗೆ ಕೊಡುವುದು ಮೈನಸ್ ಗ್ಲಾಸ್. ನಡುವೆ ತೆಳು, ಅಂಚು ದಪ್ಪ. ಅದು ಬೆಳಕನ್ನು ಹರಡುತ್ತದೆಯೇ ಹೊರತು ಒಂದೆಡೆ ಸೇರಿಸುವುದಿಲ್ಲ. ಹಾಗಿದ್ದ ಮೇಲೆ ಬೆಂಕಿ ಎಲ್ಲಿಂದ ಬಂತು?

ಮಧ್ಯಾಹ್ನ ವರ್ಕ್‌ಶೀಟ್ ಸಮೇತ ತಾರಸಿಗೆ ಹೋದೆವು. ಸಿಂಬಲ್ ಚೌಕದಲ್ಲಿ ಮಗಳು ಕಪ್ಪು ಸ್ಕೆಚ್ ಪೆನ್ನಿನಲ್ಲಿ ದಪ್ಪ ಫ್ರೇಮಿನ ಕನ್ನಡಕ ಬರೆದಿದ್ದಳು. ಅದರ ಮೇಲೆಯೇ ನನ್ನ ಕನ್ನಡಕ ಹಿಡಿದೆವು. ಬೆಳಕು ಬೀಳುವುದಿರಲಿ, ನಡುವೆ ಮಸುಕು ನೆರಳು, ಸುತ್ತ ತೆಳ್ಳಗೆ ಒಂದು ಬೆಳಕಿನ ಗೆರೆ. ಮೇಲೆ ಕೆಳಗೆ ಆಡಿಸಿದೆವು. ಕಾಗದ ಬಿಸಿ ಕೂಡ ಆಗಲಿಲ್ಲ. ಬಿಸಿಯಾದದ್ದು ನನ್ನ ನೆತ್ತಿ. ಕನ್ನಡಕ ತೆಗೆದಿದ್ದರಿಂದ ಮಗಳ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಗೋಲ್ಡಿಂಗ್ ಅವರಿಗೆ 1983ರಲ್ಲಿ ನೊಬೆಲ್ ಕೊಟ್ಟರು, ಸಾಹಿತ್ಯಕ್ಕೆ. ಭೌತಶಾಸ್ತ್ರಕ್ಕೆ ಕೊಡದೆ ಒಳ್ಳೆಯದೇ ಮಾಡಿದರು.

"ಅಜ್ಜಿದು ಪ್ಲಸ್ ಅಲ್ವಾ?" ಅಂದಳು ಮಗಳು.

ಅಮ್ಮ ನಿದ್ದೆಯಲ್ಲಿದ್ದರು. ಬೆಳಕನ್ನು ಒಂದೆಡೆ ಸೇರಿಸುವ ಪ್ಲಸ್ ಗ್ಲಾಸಿನ ಓದುವ ಕನ್ನಡಕ ಪೇಪರ್ ಮೇಲಿತ್ತು. ತಂದು ಕಾಗದದಿಂದ ಒಂದು ಮೊಳ ಎತ್ತರದಲ್ಲಿ ಹಿಡಿದದ್ದೇ ತಡ, ಹರಡಿದ್ದ ಬೆಳಕು ಕುಗ್ಗುತ್ತಾ ಬಂದು ಕಣ್ಣು ಕುಕ್ಕುವ ಚುಕ್ಕೆಯಾಯಿತು. ಬಿಳಿ ಕಾಗದದ ಮೇಲೆ ಏನೂ ಆಗಲಿಲ್ಲ. ಕೈ ಸ್ವಲ್ಪ ಸರಿದು ಚುಕ್ಕೆ ಕಪ್ಪು ಫ್ರೇಮಿನ ಮೇಲೆ ನಿಂತಿತು. ಸಣ್ಣ ಎಳೆಯಾಗಿ ಹೊಗೆ ಎದ್ದಿತು. "ಬಂತು, ಬಂತು!" ಅಂತ ಕುಣಿಯುವಷ್ಟರಲ್ಲಿ ಪಿಗ್ಗಿಯ ಎಡಗಣ್ಣಿನ ಜಾಗದಲ್ಲಿ ತೂತು ಬಿದ್ದಿತ್ತು. ಸುತ್ತ ಕಂದು ಅಂಚು.

ಕೆಳಗಿನಿಂದ ಕೂಗು ಬಂತು. "ನನ್ನ ಕನ್ನಡಕ ಯಾರು ತಗೊಂಡ್ರಿ?"

ಇಳಿದು ಬಂದು ಕನ್ನಡಕ ಕೊಟ್ಟು, ಯಾಕೆ ಅಂತ ಹೇಳಲು ಇಡೀ ಕಥೆಯನ್ನೇ ಹೇಳಬೇಕಾಯಿತು. ಅಮ್ಮ ಶಂಖಕ್ಕೂ ಸೊಪ್ಪು ಹಾಕಲಿಲ್ಲ, ಬೆಂಕಿಗೂ ಇಲ್ಲ.

"ಆ ಮಗುವಿಗೆ ಕನ್ನಡಕ ವಾಪಸ್ ಕೊಟ್ರಾ?"

"ಇಲ್ಲ ಅಜ್ಜಿ."

"ಕಣ್ಣು ಕಾಣದವರ ಕನ್ನಡಕ ಕಿತ್ಕೊಂಡು ಹೋಗ್ತಾರಲ್ಲ, ಅವರಿಗೆ ಏನನ್ನಬೇಕು?" ಅಂದರು. ನೋಡುತ್ತಿದ್ದದ್ದು ಮಾತ್ರ ನನ್ನನ್ನು.

ಇನ್ನೊಂದು ವರ್ಕ್‌ಶೀಟ್ ಇರಲಿಲ್ಲ. ತೂತಿನ ಪಕ್ಕ ಮಗಳು 'ಮೈನಸ್ ಗ್ಲಾಸಿನಿಂದ ಬೆಂಕಿ ಹೊತ್ತುವುದಿಲ್ಲ, ಆದ್ದರಿಂದ ಈ ಕನ್ನಡಕ ಸಿಂಬಲ್ ಆಗಿಯೇ ಇರಬೇಕು' ಅಂತ ಬರೆದು ಕೊಟ್ಟಳು. ನನಗಂತೂ ಇಡೀ ಹಾಳೆಯಲ್ಲಿ ಅದೇ ಗಟ್ಟಿ ವಾದ ಅನ್ನಿಸಿತು. ವಾರದ ಮೇಲೆ ಹಾಳೆ ವಾಪಸ್ ಬಂತು. ಆ ವಾಕ್ಯದ ಕೆಳಗೆ ಕೆಂಪು ಗೆರೆ, ಪಕ್ಕದಲ್ಲಿ 'ಪುರಾವೆ?'

"ಪುರಾವೆ ಅಲ್ಲೇ ಇದೆ ಅಂತ ತೂತು ತೋರಿಸಿದೆ ಅಪ್ಪ."

"ಮಿಸ್ ಏನಂದ್ರು?"

"ಪುಟ ಸಂಖ್ಯೆ ಹಾಕು ಅಂದ್ರು."